ಮಾತು ಬಿಟ್ಟುಕೊಡುವ ಊರು

ಅಮೆರಿಕದ ಭಾಷಾವಿಜ್ಞಾನಿ ರೋಜರ್ ಶೈ ಅವರ ಬಳಿಗೆ ಪೊಲೀಸರು ಒಮ್ಮೆ ಅಪಹರಣಕಾರನೊಬ್ಬನ ಪತ್ರವನ್ನು ತಂದಿದ್ದರು. ಮಗಳು ಬೇಕಿದ್ದರೆ ಇಂಥ ಮೂಲೆಯ ‘ಡೆವಿಲ್ ಸ್ಟ್ರಿಪ್’ ಮೇಲಿರುವ ಹಸಿರು ಕಸದ ಡಬ್ಬಿಯಲ್ಲಿ ಹಣ ಇಡಬೇಕು, ಪೊಲೀಸರು ಬರಕೂಡದು ಎಂಬುದು ಅದರ ಸಾರ. ‘ಕಾಪ್’, ‘ಕ್ಯಾನ್’ನಂಥ ಸಣ್ಣ ಪದಗಳಲ್ಲಿ ಸಿ ಇರಬೇಕಾದ ಕಡೆ ಕೆ ಬಿದ್ದಿತ್ತು; ಅದಕ್ಕಿಂತ ಕಷ್ಟದ ಪದಗಳ ಕಾಗುಣಿತ ಮಾತ್ರ ನೆಟ್ಟಗಿತ್ತು. ಓದು ಬಾರದವನಂತೆ ನಟಿಸುತ್ತಿರುವ ಓದಿದವನು ಇವನು ಎಂದು ಶೈ ಊಹಿಸಿದರು. ಆಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ: ನೀವು ಶಂಕಿಸಿರುವವರಲ್ಲಿ ಒಹಾಯೊ ರಾಜ್ಯದ ಆಕ್ರನ್ ಊರಿನ ವಿದ್ಯಾವಂತ ಯಾರಾದರೂ ಇದ್ದಾನೆಯೇ? ಅಂಥವನೊಬ್ಬ ಇದ್ದ, ತಪ್ಪನ್ನು ಒಪ್ಪಿಕೊಂಡ.

ರಸ್ತೆಗೂ ಕಾಲುಹಾದಿಗೂ ನಡುವೆ ಬಿಡುವ ಹುಲ್ಲಿನ ಪಟ್ಟಿಯನ್ನು ಡೆವಿಲ್ ಸ್ಟ್ರಿಪ್ ಎನ್ನುವವರು ಆಕ್ರನ್ ಸುತ್ತಮುತ್ತಲಿನವರು. ಅಲ್ಲಿಂದ ಸುಮಾರು 60 ಕಿಲೋಮೀಟರ್ ದೂರದ ಕ್ಲೀವ್‌ಲ್ಯಾಂಡಿಗೆ ಹೋದರೆ ಅದು ‘ಟ್ರೀ ಲಾನ್’, ಚಿಕಾಗೊದಲ್ಲಿ ‘ಪಾರ್ಕ್‌ವೇ’, ಆಸ್ಟ್ರೇಲಿಯದಲ್ಲಿ ‘ನೇಚರ್ ಸ್ಟ್ರಿಪ್’, ಬ್ರಿಟನ್ನಿನಲ್ಲಿ ‘ವರ್ಜ್’. ಈ ಪ್ರಕರಣದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಶೈ ಅವರ ಜಾಣ್ಮೆಗಿಂತ ಹೆಚ್ಚಾಗಿ ಆ ಬರೆದವನ ಕುರುಡು. ಕಾಗುಣಿತವು ಓದಿನ ಗುರುತೆಂದು ಅವನಿಗೆ ಗೊತ್ತಿತ್ತು, ಆದ್ದರಿಂದ ಅದನ್ನು ಕೆಡಿಸಿದ. ಡೆವಿಲ್ ಸ್ಟ್ರಿಪ್ ತನ್ನ ಊರಿನ ಗುರುತೆಂದು ಗೊತ್ತಿರಲಿಲ್ಲ. ಇಂಗ್ಲಿಷ್ ಬಲ್ಲ ಎಲ್ಲರೂ ಹಾಗೆಯೇ ಅನ್ನುತ್ತಾರೆಂದು ನಂಬಿದ್ದರಿಂದ ಅದನ್ನು ಮರೆಮಾಚುವ ಯೋಚನೆಯೇ ಅವನಿಗೆ ಬರಲಿಲ್ಲ.

ಇಂಗ್ಲಿಷ್ ಆಡುವವರ ಊರನ್ನು ಹೇಳುವ ಪದಗಳ ಬಗ್ಗೆ ಮಾತು ಬಂದಾಗ ಸಾಮಾನ್ಯವಾಗಿ ಎಲ್ಲರಿಗೂ ನೆನಪಾಗುವುದು ‘ಚಿಕ್ಕ’ ಎನ್ನಲು ಸ್ಕಾಟ್ಲೆಂಡಿನವರು ಹೇಳುವ ‘ವೀ’, ‘ನೀವೆಲ್ಲ’ ಎನ್ನಲು ಅಮೆರಿಕದ ದಕ್ಷಿಣದವರು ಹೇಳುವ ‘ಯಾಲ್’ ಮುಂತಾದವು. ಇವನ್ನು ನಟರು ಕಲಿಯುತ್ತಾರೆ, ಹಾಸ್ಯಗಾರರು ಅನುಕರಿಸುತ್ತಾರೆ, ಊರಿನವರೇ ಪರಸ್ಥಳದಲ್ಲಿ ನುಂಗಿಕೊಳ್ಳುತ್ತಾರೆ. ಸಾಕ್ಷ್ಯವೆಂಬ ದೃಷ್ಟಿಯಿಂದ ಇವು ಬಡಪದಗಳು. ನಿಜವಾಗಿ ಊರನ್ನು ಬಿಟ್ಟುಕೊಡುವುದು ಆಡುವವರಿಗೇ ಪ್ರಾದೇಶಿಕವೆಂದು ತೋರದ ಪದ. ಸ್ಕಾಟ್ಲೆಂಡಿನ ವಕೀಲರೂ ಪ್ರಾಧ್ಯಾಪಕರೂ ‘ಹೊರಗೆ, ವ್ಯಾಪ್ತಿಯಾಚೆಗೆ’ ಎಂಬ ಅರ್ಥದಲ್ಲಿ ‘ಔಟ್‌ವಿತ್’ ಎಂದು ಕಚೇರಿಯ ಪತ್ರಗಳಲ್ಲಿ ನಿಸ್ಸಂಕೋಚವಾಗಿ ಬರೆಯುತ್ತಾರೆ. ಇಂಗ್ಲೆಂಡಿನ ಓದುಗ ಅದರ ಮುಂದೆ ತಡವರಿಸಿ ನಿಂತಾಗಲೇ ಅದು ತಮ್ಮ ಗಡಿ ದಾಟದ ಪದವೆಂದು ಅವರಲ್ಲಿ ಎಷ್ಟೋ ಮಂದಿಗೆ ತಿಳಿಯುವುದು. ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರಿನವರು ‘ಒಂಬತ್ತರಿಂದ ಐದರವರೆಗೆ’ ಎನ್ನಲು ‘ನೈನ್ ವೈಲ್ ಫೈವ್’ ಎನ್ನುತ್ತಾರೆ. ಕುಡಿಯುವ ನೀರಿನ ಚಿಲುಮೆಯನ್ನು ‘ಬಬ್ಲರ್’ ಎನ್ನುವ ಅಮೆರಿಕನ್ ಹೆಚ್ಚಾಗಿ ವಿಸ್ಕಾನ್ಸಿನ್ನಿನ ಪೂರ್ವಭಾಗದವನು, ಇಲ್ಲವೇ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಆಚೆಯ ರೋಡ್ ಐಲೆಂಡಿನ ಕಡೆಯವನು.

ಇಂಥ ಪದಗಳು ಎಲ್ಲಿ ಅಡಗಿರುತ್ತವೆ ಎಂಬುದಕ್ಕೂ ಒಂದು ಕ್ರಮವಿದೆ. ಪಠ್ಯಪುಸ್ತಕ, ಪತ್ರಿಕೆ, ಜಾಹೀರಾತುಗಳು ಹೆಸರಿಡುವ ವಸ್ತುಗಳಿಗೆ ದೇಶಕ್ಕೆಲ್ಲ ಒಂದೇ ಹೆಸರು ಬೀಳುತ್ತದೆ. ಯಾರೂ ಬರೆಯುವ ಗೋಜಿಗೆ ಹೋಗದ, ಮನೆಯಲ್ಲೂ ಬೀದಿಯಲ್ಲೂ ಬಾಯಿಂದ ಬಾಯಿಗೆ ಮಾತ್ರ ಸಾಗುವ ಚಿಕ್ಕಪುಟ್ಟ ಸಂಗತಿಗಳಲ್ಲಿ ಊರಿನ ಹೆಸರುಗಳು ಉಳಿಯುತ್ತವೆ. ಮನೆಗಳ ನಡುವಿನ ಸಂದಿ ಇಂಗ್ಲೆಂಡಿನ ಉತ್ತರದಲ್ಲಿ ‘ಗಿನೆಲ್’ ಅಥವಾ ‘ಸ್ನಿಕೆಟ್’, ಲೆಸ್ಟರಿನಲ್ಲಿ ‘ಜಿಟಿ’, ಲಿವರ್‌ಪೂಲಿನಲ್ಲಿ ‘ಜಿಗರ್’, ದಕ್ಷಿಣದ ಸಸೆಕ್ಸಿನಲ್ಲಿ ‘ಟ್ವಿಟನ್’. ದುಂಡನೆಯ ಸಣ್ಣ ಬ್ರೆಡ್ಡು ಮ್ಯಾಂಚೆಸ್ಟರಿನಲ್ಲಿ ‘ಬಾರ್ಮ್’, ನಾಟಿಂಗ್‌ಹ್ಯಾಮಿನಲ್ಲಿ ‘ಕಾಬ್’, ಕವೆಂಟ್ರಿಯಲ್ಲಿ ‘ಬ್ಯಾಚ್’. ಇವೆಲ್ಲಕ್ಕಿಂತ ಸೊಗಸಾದದ್ದು ಮಕ್ಕಳ ಆಟದ ಪದ. ಓಡಿ ಹಿಡಿಯುವ ಆಟದ ನಡುವೆ ‘ಸ್ವಲ್ಪ ತಡೆ, ನನ್ನನ್ನು ಮುಟ್ಟಬೇಡ’ ಎಂದು ಕೂಗಲು ಬ್ರಿಟನ್ನಿನ ಮಕ್ಕಳು ಬಳಸುತ್ತಿದ್ದ ಪದಗಳನ್ನು ಐಯೋನಾ ಮತ್ತು ಪೀಟರ್ ಓಪಿ ದಂಪತಿ ಶಾಲೆ ಶಾಲೆಗಳಿಂದ ಸಂಗ್ರಹಿಸಿ 1959ರಲ್ಲಿ ಪ್ರಕಟಿಸಿದರು. ಲಂಡನ್ನಿನ ಕಡೆ ‘ಫೇನೈಟ್ಸ್’, ಪೂರ್ವದಲ್ಲಿ ‘ಕಿಂಗ್ಸ್’, ಸ್ಕಾಟ್ಲೆಂಡ್ ಮತ್ತು ಪಶ್ಚಿಮದ ಹಲವೆಡೆ ‘ಬಾರ್ಲಿ’, ಈಶಾನ್ಯದಲ್ಲಿ ‘ಸ್ಕಿಂಚ್’. ದೊಡ್ಡವರು ಕಲಿಸದ, ಹತ್ತು ವರ್ಷದ ಮಗುವಿನಿಂದ ಆರು ವರ್ಷದ ಮಗುವಿಗೆ ದಾಟುವ ಈ ಪದಗಳು ತಲೆಮಾರುಗಳ ಕಾಲ ತಮ್ಮ ತಮ್ಮ ಸೀಮೆಯನ್ನು ಬಿಟ್ಟು ಕದಲದೆ ಇದ್ದದ್ದು ನನಗೆ ಈಗಲೂ ಅಚ್ಚರಿಯ ಸಂಗತಿ.

ಈ ಸೀಮೆಗಳ ಕೆಳಗೆ ಹಳೆಯ ವಲಸೆಗಳಿವೆ. ಒಂಬತ್ತನೆಯ ಶತಮಾನದಲ್ಲಿ ಸ್ಕ್ಯಾಂಡಿನೇವಿಯದವರು ಬಂದು ನೆಲೆಸಿದ ಉತ್ತರ ಇಂಗ್ಲೆಂಡಿನಲ್ಲಿ ತೊರೆಗೆ ‘ಬೆಕ್’, ಆಡುವುದಕ್ಕೆ ‘ಲೇಕ್’ ಎನ್ನುವುದು ಅವರ ಭಾಷೆಯಿಂದ ಬಂದದ್ದು. ನ್ಯೂಯಾರ್ಕಿನವರು ಮನೆಯ ಮುಂದಿನ ಮೆಟ್ಟಿಲಿಗೆ ಹೇಳುವ ‘ಸ್ಟೂಪ್’ ಡಚ್ಚರು ಬಿಟ್ಟುಹೋದದ್ದು. ಮನೆ ಓರಣಗೊಳಿಸುವುದನ್ನು ‘ರೆಡ್ ಅಪ್’ ಎನ್ನುವ, ‘ಕಾರನ್ನು ತೊಳೆಯಬೇಕಾಗಿದೆ’ ಎನ್ನಲು ‘ದ ಕಾರ್ ನೀಡ್ಸ್ ವಾಷ್ಡ್’ ಎನ್ನುವ ಪಿಟ್ಸ್‌ಬರ್ಗಿನವರ ರೂಢಿಯ ಬೇರು ಸ್ಕಾಟ್ಲೆಂಡಿನಲ್ಲೂ ಉತ್ತರ ಐರ್ಲೆಂಡಿನಲ್ಲೂ ಇದೆ. ಹದಿನೆಂಟನೆಯ ಶತಮಾನದಲ್ಲಿ ಅಲ್ಲಿಂದ ಪೆನ್ಸಿಲ್ವೇನಿಯಕ್ಕೆ ಬಂದ ಕುಟುಂಬಗಳು ಅದನ್ನು ತಂದವು.

ಇದೆಲ್ಲ ಇಂದು ನಮಗೆ ತಿಳಿದಿರುವುದು ಊರೂರು ಅಲೆದ ಕೆಲವರಿಂದ. ಇಂಗ್ಲಿಷ್ ಉಪಭಾಷೆಗಳ ಆರು ಸಂಪುಟಗಳ ನಿಘಂಟನ್ನು 1898ರಿಂದ 1905ರ ನಡುವೆ ಹೊರತಂದ ಜೋಸೆಫ್ ರೈಟ್ ಬಾಲ್ಯದಲ್ಲಿ ಯಾರ್ಕ್‌ಷೈರಿನ ಗಿರಣಿ ಕಾರ್ಮಿಕ. ಹದಿನೈದರ ವಯಸ್ಸಿನವರೆಗೆ ಓದಲು ಬಾರದಿದ್ದು ಮುಂದೆ ಆಕ್ಸ್‌ಫರ್ಡಿನಲ್ಲಿ ಪ್ರಾಧ್ಯಾಪಕರಾದವರು. ಲೀಡ್ಸ್ ವಿಶ್ವವಿದ್ಯಾಲಯದ ಹೆರಾಲ್ಡ್ ಆರ್ಟನ್ ನೇತೃತ್ವದಲ್ಲಿ 1950ರಿಂದ 1961ರವರೆಗೆ 313 ಸ್ಥಳಗಳಲ್ಲಿ ಸಮೀಕ್ಷೆ ನಡೆಯಿತು. 1,300ಕ್ಕೂ ಹೆಚ್ಚು ಪ್ರಶ್ನೆಗಳು. ಉತ್ತರಿಸಿದವರು ಹೆಚ್ಚಾಗಿ ಹಳ್ಳಿ ಬಿಟ್ಟು ಹೊರಗೆ ಬಾಳದ ವಯಸ್ಸಾದವರು. ಪ್ರಶ್ನಿಸುವವರು ವಸ್ತುವಿನ ಹೆಸರನ್ನು ತಾವಾಗಿ ಹೇಳುವಂತಿರಲಿಲ್ಲ. ವರ್ಣಿಸಬೇಕು, ತೋರಿಸಬೇಕು, ಉತ್ತರ ಎದುರಿನವರ ಬಾಯಿಂದಲೇ ಬರಬೇಕು. ಹೆಸರು ಕೇಳಿಸಿಬಿಟ್ಟರೆ ಮುದುಕ ಮರ್ಯಾದೆಗಾಗಿ ‘ಹೌದು ಸ್ವಾಮಿ’ ಎಂದುಬಿಡುತ್ತಾನೆ. ಅಮೆರಿಕದಲ್ಲಿ ಫ್ರೆಡರಿಕ್ ಕ್ಯಾಸಿಡಿ ಪ್ರಾದೇಶಿಕ ಇಂಗ್ಲಿಷಿನ ನಿಘಂಟೊಂದಕ್ಕಾಗಿ 1965ರಿಂದ 1970ರವರೆಗೆ ‘ವರ್ಡ್ ವ್ಯಾಗನ್’ ಎಂದು ಕರೆಯಲಾದ ವಾಹನಗಳಲ್ಲಿ ಸಂಶೋಧಕರನ್ನು 1,002 ಊರುಗಳಿಗೆ ಕಳುಹಿಸಿದರು. ಆ ನಿಘಂಟಿನ ಮೊದಲ ಸಂಪುಟ ಬಂದದ್ದು 1985ರಲ್ಲಿ. ಐದನೆಯದು 2012ರಲ್ಲಿ ಬರುವಷ್ಟರಲ್ಲಿ ಕ್ಯಾಸಿಡಿ ತೀರಿಕೊಂಡಿದ್ದರು.

ಆರ್ಟನ್ ಅವರ ಸಮೀಕ್ಷೆಯಲ್ಲಿ ದುಡಿದ ಸ್ಟ್ಯಾನ್ಲಿ ಎಲಿಸ್ ಅವರಿಗೆ 1979ರಲ್ಲಿ ಯಾರ್ಕ್‌ಷೈರ್ ಪೊಲೀಸರು ಒಂದು ಧ್ವನಿಸುರುಳಿ ಕೇಳಿಸಿದರು. ಸ್ತ್ರೀಯರ ಸರಣಿ ಕೊಲೆಗಳನ್ನು ಮಾಡಿದವನು ತಾನೇ ಎಂದು ಅದರಲ್ಲಿ ಒಬ್ಬ ಹೇಳಿಕೊಂಡಿದ್ದ. ಇಲ್ಲಿ ಸಾಕ್ಷ್ಯ ಪದಕ್ಕಿಂತ ಉಚ್ಚಾರಣೆಯದು, ಆದರೆ ವಿದ್ಯೆ ಅದೇ: ಎಲಿಸ್ ಆ ದನಿಯನ್ನು ಈಶಾನ್ಯ ಇಂಗ್ಲೆಂಡಿನ ಸಂಡರ್‌ಲ್ಯಾಂಡಿನ ಕ್ಯಾಸಲ್‌ಟೌನ್ ಎಂಬ ಸಣ್ಣ ಊರಿನ ಆಸುಪಾಸಿಗೆ ಇಳಿಸಿದರು. ಪೊಲೀಸರು ಆ ದನಿಯವನೇ ಕೊಲೆಗಾರನೆಂದು ಹಿಡಿದು ಕೂತರು. ಅದು ಹುಸಿಯಿರಬಹುದೆಂದು ಎಲಿಸ್ ಎಚ್ಚರಿಸಿದರೂ ಕಿವಿಗೊಡಲಿಲ್ಲ. ನಿಜವಾದ ಕೊಲೆಗಾರ ಪೀಟರ್ ಸಟ್‌ಕ್ಲಿಫ್ ಯಾರ್ಕ್‌ಷೈರಿನದೇ ಊರಾದ ಬ್ರಾಡ್‌ಫರ್ಡಿನವನು. 1981ರ ಜನವರಿಯವರೆಗೆ ಅವನು ಸಿಕ್ಕಿಬೀಳಲಿಲ್ಲ. ಸುರುಳಿ ಕಳುಹಿಸಿದ ಜಾನ್ ಹಂಬಲ್ 2005ರಲ್ಲಿ ಡಿಎನ್‌ಎ ಆಧಾರದಿಂದ ಸೆರೆಸಿಕ್ಕಾಗ ಅವನು ಸಂಡರ್‌ಲ್ಯಾಂಡಿನವನೇ ಎಂಬುದು ಖಚಿತವಾಯಿತು. ಎಲಿಸ್ ಊರನ್ನು ಸರಿಯಾಗಿಯೇ ಹೇಳಿದ್ದರು. ದನಿಯಿಂದ ಅದಕ್ಕಿಂತ ಹೆಚ್ಚಿನದನ್ನು ಹಿಂಡಲು ಹೊರಟವರು ಬೇರೆಯವರು.

ಒಂದೇ ಪದದ ಮೇಲೆ ಭಾರ ಹಾಕುವುದೂ ಸರಿಯಲ್ಲ. ಡೆವಿಲ್ ಸ್ಟ್ರಿಪ್‌ನಂಥ ಪದ ಅಪರೂಪ. ಉಳಿದವು ಒಂದೊಂದೂ ಅರ್ಧ ದೇಶವನ್ನು ಒಳಗೊಳ್ಳುತ್ತವೆ. ತಂಪುಪಾನೀಯಕ್ಕೆ ‘ಪಾಪ್’ ಎಂದರೆ ಅಮೆರಿಕದ ಮಧ್ಯಪಶ್ಚಿಮವೂ ಆಗಬಹುದು, ವಾಯವ್ಯವೂ ಆಗಬಹುದು; ‘ಸೋಡಾ’ ಎಂದರೆ ಈಶಾನ್ಯ, ಕ್ಯಾಲಿಫೋರ್ನಿಯ, ಸೇಂಟ್ ಲೂಯಿಸ್ ಯಾವುದೂ ಆಗಬಹುದು. ಆದರೆ ಇಂಥ ಇಪ್ಪತ್ತೈದು ಉತ್ತರಗಳ ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟರೆ ಅವು ಒಟ್ಟಿಗೆ ಕೂಡುವ ಜಾಗ ಬಹಳ ಕಿರಿದಾಗುತ್ತದೆ. ಬರ್ಟ್ ವಾಕ್ಸ್ ಮತ್ತು ಸ್ಕಾಟ್ ಗೋಲ್ಡರ್ ನಡೆಸಿದ ಸಮೀಕ್ಷೆಯ ಪ್ರಶ್ನೆಗಳನ್ನು ಆಧರಿಸಿ ಜಾಶ್ ಕಾಟ್ಜ್ ರೂಪಿಸಿದ, ಉತ್ತರಿಸಿದವರ ಊರನ್ನು ಊಹಿಸುವ ರಸಪ್ರಶ್ನೆ 2013ರ ಡಿಸೆಂಬರ್ 21ರಂದು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬಂತು. ವರ್ಷ ಮುಗಿಯಲು ಹನ್ನೊಂದು ದಿನ ಇದ್ದಾಗ ಬಂದದ್ದು ಆ ವರ್ಷದ ಅತಿ ಹೆಚ್ಚು ಓದುಗರನ್ನು ಸೆಳೆಯಿತು. ಪುಸ್ತಕದಿಂದ ಇಂಗ್ಲಿಷ್ ಕಲಿತ ನನ್ನಂಥವರು ಅದಕ್ಕೆ ಉತ್ತರಿಸಿದರೂ ನಕ್ಷೆ ಯಾವುದೋ ಊರನ್ನು ಬೆಳಗಿಸಿಯೇ ತೀರುತ್ತದೆ ಎಂಬುದು ಅದರ ಮಿತಿ.

ಹಲವು ಪದಗಳು ಈಗ ಸವೆಯುತ್ತಿವೆ. 2016ರಲ್ಲಿ ಮೊಬೈಲ್ ಆ್ಯಪ್ ಒಂದರ ಮೂಲಕ 30,000ಕ್ಕೂ ಹೆಚ್ಚು ಮಂದಿಯ ಉತ್ತರ ಪಡೆದು ಆರ್ಟನ್ ಕಾಲದ ನಕ್ಷೆಗಳಿಗೆ ಹೋಲಿಸಿದಾಗ, ಚುಚ್ಚಿಕೊಂಡ ಮರದ ಚೂರಿಗೆ ಇದ್ದ ನಾನಾ ಹೆಸರುಗಳನ್ನು ‘ಸ್ಪ್ಲಿಂಟರ್’ ಬಹುಮಟ್ಟಿಗೆ ಅಳಿಸಿಹಾಕಿದ್ದು ಕಂಡಿತು; ಈಶಾನ್ಯ ಇಂಗ್ಲೆಂಡಿನ ‘ಸ್ಪೆಲ್ಕ್’ ಮಾತ್ರ ಗಟ್ಟಿಯಾಗಿ ನಿಂತಿದೆ. ಉಳಿದವುಗಳಲ್ಲಿ ಕೆಲವು ಬೇರೆ ಬಗೆಯಲ್ಲಿ ಸಾಕ್ಷ್ಯದ ಬೆಲೆ ಕಳೆದುಕೊಳ್ಳುತ್ತಿವೆ. ‘ನೀವೆಲ್ಲ’ ಎನ್ನಲು ಪಿಟ್ಸ್‌ಬರ್ಗಿನವರು ಹೇಳುತ್ತಿದ್ದ ‘ಯಿನ್ಜ್’ ಈಗ ಟೀಶರ್ಟುಗಳ ಮೇಲೆ ಅಚ್ಚಾಗಿ ಮಾರಾಟವಾಗುತ್ತದೆ. ಅದನ್ನು ತೊಟ್ಟವರು ಆ ಊರನ್ನು ಮೆಚ್ಚುತ್ತಾರೆ ಎಂದಷ್ಟೇ ಹೇಳಬಹುದು. ಅಲ್ಲಿ ಬೆಳೆದವರೋ ಅಲ್ಲವೋ ತಿಳಿಯಬೇಕಿದ್ದರೆ, ಮನೆಗೆ ಯಾರೋ ಬರುತ್ತಾರೆಂದು ಅವಸರದಲ್ಲಿ ಹರಡಿದ್ದನ್ನು ಎತ್ತಿಡುವಾಗ ಆ ಕೆಲಸಕ್ಕೆ ಅವರು ಏನೆನ್ನುತ್ತಾರೆ ಎಂದು ಕೇಳಿಸಿಕೊಳ್ಳಬೇಕು.