ಹಗ್ಗಕ್ಕಿಂತ ಮೊದಲು ಸಲಿಕೆ: ಯುಎಇ ಮರಳಿನಲ್ಲಿ ಗುಂಪು ಸವಾರಿ

ಊರಿನಿಂದ ದುಬೈ ನೋಡಲು ಬಂದವರಿಗೆ ಮರಳುಗಾಡು ಎಂದರೆ ಸಂಜೆಯ ಸಫಾರಿ. ಯಾರೋ ಓಡಿಸುವ ಲ್ಯಾಂಡ್ ಕ್ರೂಸರ್, ಹಿಂದಿನ ಸೀಟಿನಲ್ಲಿ ಕಿರುಚಾಟ, ಕೊನೆಗೆ ಒಂಟೆ ಮತ್ತು ಊಟ. ಇಲ್ಲಿ ನೆಲೆಸಿದವರ ಮರಳು ಬೇರೆ. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಶನಿವಾರ, ಭಾನುವಾರ ಬೆಳಗಾದರೆ ಸಾಕು, ಹತ್ತಾ ರಸ್ತೆಯ ಬದಾಯರ್, ಶಾರ್ಜಾದ ಮ್ಲೈಹಾ, ಲಹಬಾಬಿನ ಕೆಂಪು ಮರಳು, ಅಬುಧಾಬಿಯ ಸ್ವೇಹಾನ್ ಕಡೆಗಳಲ್ಲಿ ಸ್ವಂತ ಗಾಡಿ ತಂದವರ ಗುಂಪುಗಳು ಸೇರುತ್ತವೆ. ಪಳಗಿದ ಮೇಲೆ ದಕ್ಷಿಣಕ್ಕೆ ಲಿವಾ, ಅಲ್ಲಿಂದಾಚೆ ರುಬ್ ಅಲ್ ಖಾಲಿ ಎಂಬ ಮಹಾ ಮರುಭೂಮಿಯ ಅಂಚು. ಕರಾವಳಿಯವರು ಇಲ್ಲಿ ಎಷ್ಟಿದ್ದಾರೆಂದರೆ ಗುಂಪಿನ ರೇಡಿಯೊದಲ್ಲಿ ಒಮ್ಮೊಮ್ಮೆ ತುಳುವೂ ಕೇಳಿಸುತ್ತದೆ.

ಈ ಆಟದಲ್ಲಿ ಗಾಡಿ ಹೂತುಕೊಳ್ಳುವುದು ಅವಮಾನವಲ್ಲ. ಹೂಳದೆ ಯಾರೂ ಕಲಿತದ್ದಿಲ್ಲ. ಚಾಲಕ ಎಂಥವನು ಎಂಬುದು ಗೊತ್ತಾಗುವುದು ಹೂತ ಮೇಲೆ. ಮೊದಲ ಐದು ಸೆಕೆಂಡು ಅವನ ಬಲಗಾಲು ಏನು ಮಾಡಿತು, ಆಮೇಲೆ ಡಿಕ್ಕಿಯಿಂದ ಮೊದಲು ಹೊರಬಂದದ್ದು ಸಲಿಕೆಯೋ ಹಗ್ಗವೋ ಎಂಬುದನ್ನು ನೋಡಿದರೆ ಸಾಕು. ಗುಂಪಿನಲ್ಲಿ ಪೆಟ್ಟಾಗುವುದೆಲ್ಲ ಬಹುಪಾಲು ಹಗ್ಗದ ಅವಸರದಿಂದಲೇ.

ಮೊದಲ ಕೆಲಸ ಟಯರಿನ ಗಾಳಿ ಇಳಿಸುವುದು. ರಸ್ತೆಯ ಮೇಲೆ 33–35 ಪಿಎಸ್‌ಐ ಇದ್ದದ್ದನ್ನು 15ಕ್ಕೆ ತರಬೇಕು. ಗಾಳಿ ಇಳಿದಾಗ ಟಯರು ಅಗಲಕ್ಕಿಂತ ಹೆಚ್ಚಾಗಿ ಉದ್ದಕ್ಕೆ ಹರಡಿಕೊಳ್ಳುತ್ತದೆ. ನೆಲ ತಾಗುವ ಜಾಗ ಉದ್ದವಾದಷ್ಟೂ ಎರಡೂವರೆ ಟನ್ನಿನ ಭಾರ ಹಂಚಿಹೋಗಿ, ಮರಳಿನ ಮೇಲ್ಪದರ ಮುರಿಯುವುದಿಲ್ಲ. ಹೆದ್ದಾರಿಯಲ್ಲಿ ಒಂದು ಗಂಟೆ ಓಡಿ ಬಂದ ಬಿಸಿ ಟಯರು ಮೂರು–ನಾಲ್ಕು ಪಿಎಸ್‌ಐ ಹೆಚ್ಚು ತೋರಿಸುತ್ತದೆ. ಆ ಬಿಸಿಯಲ್ಲಿ 15ಕ್ಕೆ ಇಳಿಸಿದ್ದು ಸ್ವಲ್ಪ ಹೊತ್ತಿಗೆ ತಣ್ಣಗಾಗಿ 12ಕ್ಕೆ ಬಂದು ನಿಂತಿರಬಹುದು. ಹಾಗಾಗಿ ಅರ್ಧ ಗಂಟೆ ಓಡಿಸಿದ ಮೇಲೆ ಇನ್ನೊಮ್ಮೆ ಗೇಜು ಹಿಡಿದು ನೋಡುವುದು ಒಳ್ಳೆಯದು. 12ಕ್ಕಿಂತ ಕೆಳಗೆ ಹೋದರೆ ಜೋರಾಗಿ ತಿರುಗಿಸುವಂತಿಲ್ಲ. ರಿಮ್ಮಿನಿಂದ ಟಯರಿನ ಅಂಚು ಕಳಚಿಕೊಳ್ಳುತ್ತದೆ. ಇಲ್ಲಿಯವರು ಅದನ್ನು ‘ಪಾಪ್‌ಔಟ್’ ಎನ್ನುತ್ತಾರೆ.

ಆಮೇಲೆ ಗಾಡಿಯ ಎಲೆಕ್ಟ್ರಾನಿಕ್ ಕಾವಲುಗಾರರನ್ನು ಮಲಗಿಸಬೇಕು. ಸ್ಟೆಬಿಲಿಟಿ ಕಂಟ್ರೋಲ್ ಚಾಲೂ ಇದ್ದರೆ ದಿಬ್ಬದ ಅರ್ಧದಲ್ಲಿ ಚಕ್ರ ಸ್ವಲ್ಪ ಜಾರಿದ ಕೂಡಲೇ ಎಂಜಿನ್ನಿನ ಶಕ್ತಿ ಕತ್ತರಿಸುತ್ತದೆ. ಬೇಕಾದ ಹೊತ್ತಿನಲ್ಲೇ ವೇಗ ಸಾಯುತ್ತದೆ. ಬಹಳ ಗಾಡಿಗಳಲ್ಲಿ ಬಟನ್ ಒಮ್ಮೆ ಒತ್ತಿದರೆ ಅರ್ಧ ಮಾತ್ರ ಆಫ್ ಆಗುತ್ತದೆ. ನಿಂತಲ್ಲೇ ಕೆಲವು ಸೆಕೆಂಡು ಒತ್ತಿ ಹಿಡಿಯಬೇಕು. ಹೊಸ ಗಾಡಿಗಳ ತಾನೇ ಬ್ರೇಕ್ ಹಾಕುವ ವ್ಯವಸ್ಥೆಯೂ ಆಫ್ ಆಗಲಿ. ಎದುರಿನ ದಿಬ್ಬವನ್ನು ಗೋಡೆ ಎಂದುಕೊಂಡುಬಿಡುತ್ತದೆ.

ಗುಂಪಿನ ಕಟ್ಟು ಸರಳ. ಮುಂದೆ ದಾರಿ ಹುಡುಕುವ ಲೀಡ್, ಅವನ ಹಿಂದೆ ಹೊಸಬರು, ನಡುವೆ ಒಬ್ಬ ಅನುಭವಿ, ಎಲ್ಲರ ಹಿಂದೆ ಸ್ವೀಪ್. ಕಂಪ್ರೆಸರ್, ಹಗ್ಗ ಮತ್ತು ತಾಳ್ಮೆ ಮೂರೂ ಸ್ವೀಪ್‌ನ ಬಳಿ ಇರಬೇಕು, ಮೂರನೆಯದು ಹೆಚ್ಚು. ಹತ್ತು–ಹನ್ನೆರಡು ಗಾಡಿ ದಾಟಿದರೆ ಸವಾರಿಗಿಂತ ಕಾಯುವುದೇ ಹೆಚ್ಚಾಗುತ್ತದೆ. ಮುಂದಿನವನ ಜಾಡಿನಲ್ಲೇ ಹೋಗಬೇಕು, ಆದರೆ ಅವನು ದಿಬ್ಬ ದಾಟಿ ಆಚೆ ಕೆಳಗಿಳಿದು ಪಕ್ಕಕ್ಕೆ ಸರಿದ ಮೇಲೆಯೇ ಏರಲು ಹೊರಡಬೇಕು. ಆಚೆ ಬದಿಯಲ್ಲಿ ಹೂತು ನಿಂತ ಗಾಡಿಯ ಮೇಲೆ ಹಿಂದಿನವನು ಹಾರಿ ಬೀಳುವುದೇ ಇಲ್ಲಿನ ಅತಿ ಕೆಟ್ಟ ಅಪಘಾತ. ಬಂಪರಿಗೆ ಎರಡು–ಮೂರು ಮೀಟರ್ ಕೋಲು ಕಟ್ಟಿ ಬಾವುಟ ಹಾರಿಸುವುದು ಶೋಕಿಗಲ್ಲ, ದಿಬ್ಬದಾಚೆಯಿಂದ ಕಾಣಲೆಂದು.

ಮರಳನ್ನು ಓದುವುದಕ್ಕೆ ವರ್ಷಗಳು ಬೇಕು, ಆದರೂ ಕೆಲವನ್ನು ಮೊದಲ ದಿನವೇ ತಿಳಿದಿರಬೇಕು. ಇಲ್ಲಿ ಶಮಾಲ್ ಗಾಳಿ ವಾಯವ್ಯದಿಂದ ಬೀಸುತ್ತದೆ. ಗಾಳಿ ಏರುವ ಬದಿ ಸೌಮ್ಯ, ಮರಳು ಒತ್ತಿ ಗಟ್ಟಿ. ಗಾಳಿ ಇಳಿಯುವ ಬದಿ ಕಡಿದು. ಒಣ ಮರಳು ತಾನಾಗಿ ನಿಲ್ಲುವ 32–34 ಡಿಗ್ರಿ ಕೋನದಲ್ಲಿ ಸಡಿಲವಾಗಿ ನಿಂತಿರುತ್ತದೆ. ಆ ಬದಿಯಿಂದ ಏರಲು ಹೋಗಬಾರದು, ಇಳಿಯುವುದಾದರೆ ಮೂತಿ ನೇರ ಕೆಳಕ್ಕೆ. ಓರೆಯಾಗಿ ಇಳಿದರೆ ಗಾಡಿ ಉರುಳುತ್ತದೆ. ಇಳಿಯುವಾಗ ಹಿಂಭಾಗ ಪಕ್ಕಕ್ಕೆ ಜಾರತೊಡಗಿದರೆ ಬ್ರೇಕ್ ಒತ್ತುವುದು ಸಹಜ, ಆದರೆ ತಪ್ಪು. ಸ್ಟೀರಿಂಗನ್ನು ಇಳಿಜಾರಿನ ಕಡೆಗೇ ತಿರುಗಿಸಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟರೆ ಗಾಡಿ ನೇರವಾಗುತ್ತದೆ. ಬುಡದಲ್ಲಿ ಮಾತ್ರ ವೇಗ ಇರಬಾರದು. ಮೂತಿ ಕುಟ್ಟಿ ಬಂಪರ್ ಹೋಗುವುದಲ್ಲದೆ ಏರ್‌ಬ್ಯಾಗ್ ಕೂಡ ಬಿಚ್ಚಿಕೊಳ್ಳುವುದುಂಟು.

ಏರುವಾಗ ವೇಗವನ್ನು ಬುಡದಲ್ಲೇ ಕೂಡಿಟ್ಟುಕೊಂಡು, ತುದಿ ಒಂದು ಗಾಡಿಯುದ್ದ ಇರುವಾಗ ಕಾಲು ಸಡಿಲಿಸಬೇಕು. ಬೇಗ ಬಿಟ್ಟರೆ ತುದಿಯ ಮೇಲೆ ಗಾಡಿಯ ಹೊಟ್ಟೆ ಕೂರುತ್ತದೆ, ತಡವಾದರೆ ಗಾಡಿ ಹಾರುತ್ತದೆ. ಎರಡರಲ್ಲಿ ಹೊಟ್ಟೆ ಕೂರುವುದೇ ವಾಸಿ, ಅದಕ್ಕೆ ಸಲಿಕೆ ಇದೆ. ಏರಲಾಗದೆ ನಿಂತರೆ ಇಳಿಜಾರಿನಲ್ಲಿ ತಿರುಗಿಸಲು ಹೋಗದೆ, ನ್ಯೂಟ್ರಲ್‌ಗೂ ಹಾಕದೆ, ರಿವರ್ಸ್ ಗೇರಿನಲ್ಲಿ ಬಂದ ಜಾಡಿನಲ್ಲೇ ನೇರ ಹಿಂದಕ್ಕೆ ಬರಬೇಕು. ಚಳಿಗಾಲದ ಬೆಳಗ್ಗೆ ಇಬ್ಬನಿಗೆ ಗಟ್ಟಿಯಾಗಿದ್ದ ದಿಬ್ಬವೇ ಮಧ್ಯಾಹ್ನ ಒಣಗಿ ಹಿಟ್ಟಾಗಿರುತ್ತದೆ. ಬೆಳಗ್ಗೆ ಹತ್ತಿದ್ದೇನೆ ಎಂಬ ಧೈರ್ಯ ಎರಡು ಗಂಟೆಗೆ ಕೆಲಸಕ್ಕೆ ಬಾರದು.

ನಿಲ್ಲುವುದಕ್ಕೂ ಕ್ರಮವಿದೆ. ಬ್ರೇಕ್ ಒತ್ತಿದರೆ ಚಕ್ರದ ಮುಂದೆ ಮರಳಿನ ಗುಪ್ಪೆ ಕೂಡಿ ಮತ್ತೆ ಹೊರಡಲಾಗುವುದಿಲ್ಲ. ಕಾಲು ತೆಗೆದು ತಾನಾಗಿ ನಿಲ್ಲಲು ಬಿಡಬೇಕು, ಅದೂ ಮೂತಿ ಇಳಿಜಾರಿನ ಕಡೆಗಿರುವಂತೆ.

ಇಷ್ಟಾದರೂ ಗಾಡಿ ಹೂಳುತ್ತದೆ. ಮುಂದೆ ಸಾಗುವುದು ನಿಂತಿತು ಎಂದು ತಿಳಿದ ಕ್ಷಣವೇ ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಕು. ಮಲೆನಾಡಿನ ಕೆಸರಿನಲ್ಲಿ ಜೀಪು ಓಡಿಸಿ ಕಲಿತವರು ಇಲ್ಲೇ ಎಡವುವುದು. ಕೆಸರಿನಲ್ಲಿ ಚಕ್ರ ಜೋರಾಗಿ ತಿರುಗಿದರೆ ಟಯರಿನ ಹಲ್ಲುಗಳ ಸಂದಿನಿಂದ ಮಣ್ಣು ಸಿಡಿದು, ಕೆಳಗಿನ ಗಟ್ಟಿ ನೆಲ ಸಿಕ್ಕರೂ ಸಿಗಬಹುದು. ಮರಳಿನ ಕೆಳಗೆ ಇರುವುದು ಇನ್ನಷ್ಟು ಮರಳು. ಒಂದೊಂದು ಸುತ್ತಿಗೂ ಚಕ್ರ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಮೂರು ಸೆಕೆಂಡಿನ ಹಠಕ್ಕೆ ಗಾಡಿಯಡಿಯ ಉಕ್ಕಿನ ಚೌಕಟ್ಟು, ಅಂದರೆ ಚಾಸಿ, ನೆಲಕ್ಕೆ ಕೂರುತ್ತದೆ. ಕಾಲು ತೆಗೆದು ಮೆಲ್ಲಗೆ ರಿವರ್ಸ್ ಹಾಕಿ ನೋಡಿ. ಬಂದ ಜಾಡು ಆಗಲೇ ಒತ್ತಿ ಗಟ್ಟಿಯಾಗಿರುವುದರಿಂದ ಎಷ್ಟೋ ಸಲ ಅಲ್ಲಿಗೇ ಬಿಡುಗಡೆ.

ಬರಲಿಲ್ಲವೋ, ಹ್ಯಾಂಡ್‌ಬ್ರೇಕ್ ಹಾಕಿ ಇಳಿದು ಸುತ್ತ ಒಂದು ಸುತ್ತು ನೋಡಿ. ಯಾವ ಚಕ್ರ ಹೂತಿದೆ, ಹೊಟ್ಟೆ ತಾಗಿದೆಯೇ, ಯಾವ ಕಡೆ ಇಳಿಜಾರು. ಚಕ್ರ ಮಾತ್ರ ಹೂತಿದ್ದರೆ ಹೊರಡಬೇಕಾದ ದಿಕ್ಕಿನಲ್ಲಿ ನಾಲ್ಕೂ ಚಕ್ರಗಳ ಎದುರಿನ ಮರಳನ್ನು ಇಳಿಜಾರಾಗಿ ತೆಗೆಯಬೇಕು, ಗುಂಡಿಯಾಗಿ ಅಲ್ಲ. ಹೊಟ್ಟೆ ತಾಗಿದ್ದರೆ ಮೊದಲು ಹೊಟ್ಟೆಯ ಕೆಳಗೆ. ಉದ್ದ ಹಿಡಿಯ ಸಲಿಕೆ ಇದಕ್ಕೇ ಬೇಕು. ಮಡಚುವ ಗಿಡ್ಡ ಸಲಿಕೆ ಹಿಡಿದು ಹೊಟ್ಟೆಯಡಿ ಮಲಗಿದವನಿಗೆ ಅದರ ಬೆಲೆ ಗೊತ್ತು. ಆಮೇಲೆ ಗಾಳಿಯನ್ನು 10ಕ್ಕೆ ಇಳಿಸಿ, ಫೋರ್-ಲೋ (ನಾಲ್ಕೂ ಚಕ್ರಕ್ಕೆ ನಿಧಾನದ, ಬಲದ ಗೇರು) ಹಾಕಿ, ಸ್ಟೀರಿಂಗ್ ನೇರ ಇಟ್ಟು ಮೆಲ್ಲಗೆ ಬಿಡಬೇಕು. ಮೂರು–ನಾಲ್ಕು ಜನ ತಳ್ಳಿದರೆ ಇನ್ನೂ ಸುಲಭ. ಮರಳಿನ ಹಲಗೆ ಇದ್ದರೆ ತೋಡಿದ ಇಳಿಜಾರಿನಲ್ಲಿ ಟಯರಿನಡಿಗೆ ಒತ್ತಿ ತುರುಕಿ. ಚಕ್ರ ಜಾರಿದರೆ ಹಲಗೆ ಹಿಂದಕ್ಕೆ ಚಿಮ್ಮುತ್ತದೆ, ಆ ಸಾಲಿನಲ್ಲಿ ಯಾರೂ ನಿಲ್ಲಬಾರದು. ಸಡಿಲ ಮರಳಿನಲ್ಲಿ ಹೂತ ಗಾಡಿಗಳಲ್ಲಿ ಬಹಳಷ್ಟು ಇಲ್ಲಿಗೇ ಹೊರಬರುತ್ತವೆ.

ಬಾರದವುಗಳಿಗೆ ಹಗ್ಗ. ಬಳಕೆಯಲ್ಲಿರುವುದು ಎರಡು ಬಗೆ: ಸುಮಾರು 20 ಶೇಕಡ ಹಿಗ್ಗುವ ಚಪ್ಪಟೆ ಸ್ನ್ಯಾಚ್ ಪಟ್ಟಿ, 30 ಶೇಕಡವರೆಗೆ ಹಿಗ್ಗುವ ಹೆಣೆದ ಕೈನೆಟಿಕ್ ಹಗ್ಗ. ಉದ್ದ ಸಾಮಾನ್ಯವಾಗಿ 9 ಮೀಟರ್. ತಾಳಿಕೆ ಎರಡು ಗಾಡಿಗಳಲ್ಲಿ ಹಗುರವಾದದ್ದರ ತುಂಬಿದ ತೂಕದ ಎರಡರಿಂದ ಮೂರು ಪಟ್ಟು. ಪ್ಯಾಟ್ರೋಲ್, ಪ್ರಾಡೊದಂಥ ಗಾಡಿಗಳಿಗೆ 8 ಟನ್ನಿನದು ನಡೆಯುತ್ತದೆ. ಹಿಗ್ಗಿದ ಹಗ್ಗ ಕೂಡಿಟ್ಟುಕೊಂಡ ಶಕ್ತಿಯೇ ಗಾಡಿಯನ್ನು ಎತ್ತುವುದು. ಅದೇ ಶಕ್ತಿ ಕೊಂಡಿ ಮುರಿದರೆ ಕಬ್ಬಿಣದ ತುಂಡನ್ನು ಗಾಜಿನೊಳಗೆ ಹೊಡೆಯುತ್ತದೆ. ಅದಕ್ಕೇ ಟ್ರೇಲರ್ ಎಳೆಯುವ ಬಾಲಿಗೆ ಹಗ್ಗ ಕಟ್ಟಲೇಬಾರದು. ಬಾಲ್ ಮುರಿದು ಹಾರಿ ಜನ ಸತ್ತದ್ದಿದೆ. ಹಡಗಿನಲ್ಲಿ ಗಾಡಿ ಕಟ್ಟಲು ಕೊಟ್ಟ ಕೆಳಗಿನ ಕಣ್ಣುಗಳೂ, ಬಂಪರಿಗೆ ತಿರುಪಿ ಹಾಕುವ ಕೊಕ್ಕೆಯೂ ಈ ಜಗ್ಗಾಟಕ್ಕಲ್ಲ. ಚಾಸಿಗೆ ಬೋಲ್ಟ್ ಮಾಡಿದ, ತಾಳಿಕೆ ನಮೂದಿಸಿದ ಕೊಕ್ಕೆಯೇ ಬೇಕು. ಕೊಂಡಿಗೆ 4.75 ಟನ್ನಿನ ಬೋ ಶ್ಯಾಕಲ್, ಅಂದರೆ ಪಿನ್ನು ತಿರುಪಿ ಮುಚ್ಚುವ ಕಬ್ಬಿಣದ ಬಳೆ. ಪಿನ್ನನ್ನು ಕೈಯಲ್ಲಿ ಪೂರ್ತಿ ಬಿಗಿದು ಕಾಲು ಸುತ್ತು ಸಡಿಲಿಸಬೇಕು, ಇಲ್ಲದಿದ್ದರೆ ಎಳೆದ ಮೇಲೆ ಬಿಚ್ಚಲಾಗದು. ನಮ್ಮನ್ನು ಕೇಳಿದರೆ ಹಗ್ಗದಿಂದಲೇ ಹೆಣೆದ ಮೆತ್ತನೆಯ ಶ್ಯಾಕಲ್ ಇನ್ನೂ ಲೇಸು. ಮುರಿದರೂ ಹಾರುವುದಕ್ಕೆ ಕಬ್ಬಿಣವಿರುವುದಿಲ್ಲ. ಎರಡು ಪಟ್ಟಿ ಸೇರಿಸುವಾಗಲೂ ನಡುವೆ ಶ್ಯಾಕಲ್ ಬೇಡ. ಕಣ್ಣಿಗೆ ಕಣ್ಣು ತೂರಿಸಿ, ಗಂಟು ಬಿಗಿಯದಂತೆ ಮಧ್ಯೆ ಸುರುಳಿ ಸುತ್ತಿದ ಪತ್ರಿಕೆ ಇಡಬೇಕು.

ಎಳೆಯುವ ಗಾಡಿ ಗಟ್ಟಿ ಮರಳಿನಲ್ಲಿ, ಆದಷ್ಟೂ ಇಳಿಜಾರಿಗೆ ಮುಖ ಮಾಡಿ, ಹೂತ ಗಾಡಿಯ ನೇರದಲ್ಲಿ ನಿಲ್ಲಬೇಕು. ಹಗ್ಗವನ್ನು ಒಂದೆರಡು ಮೀಟರ್ ಸಡಿಲ ಬಿಟ್ಟು ನೆಲದ ಮೇಲೆ ಹಾಸಿ, ನಡುವೆ ಭಾರದ ಚೀಲ ಅಥವಾ ಒದ್ದೆ ಟವೆಲ್ ಹಾಕಬೇಕು. ಉಳಿದವರೆಲ್ಲ ಪಕ್ಕಕ್ಕೆ, ಹಗ್ಗದ ಉದ್ದದ ಒಂದೂವರೆ ಪಟ್ಟು ದೂರ. ವಿಡಿಯೊ ಮಾಡುವವರಿಗೂ ಇದೇ ಲೆಕ್ಕ, ಅವರೇ ಮೊದಲು ಮರೆಯುವುದು. ಅಪ್ಪಣೆ ಕೊಡುವವನು ಒಬ್ಬನೇ. ಎಳೆಯುವವನು ಲೋ ಎರಡನೇ ಗೇರಿನಲ್ಲಿ ಗಂಟೆಗೆ 10–15 ಕಿ.ಮೀ. ವೇಗದಲ್ಲಿ ಹೊರಡುತ್ತಾನೆ. ಹಗ್ಗ ಬಿಗಿಯಾದಾಗ ಹೂತವನೂ ಮೆಲ್ಲಗೆ ಆಕ್ಸಿಲರೇಟರ್ ಕೊಡುತ್ತಾನೆ, ಹೊರಬಂದ ಕೂಡಲೇ ಹಾರ್ನ್. ಎರಡು ಸಲ ಎಳೆದರೂ ಅಲುಗದಿದ್ದರೆ ವೇಗ ಹೆಚ್ಚಿಸುವ ಚಪಲ ಹುಟ್ಟುತ್ತದೆ. ಅಲ್ಲಿ ನಿಲ್ಲಿಸಿ ಮತ್ತೆ ತೋಡಿ. ಹೊಟ್ಟೆಯಡಿ ಮರಳು ಉಳಿದಿದೆ ಎಂದೇ ಅರ್ಥ. ಹಿಗ್ಗಿದ ಹಗ್ಗ ಮತ್ತೆ ಕುಗ್ಗುವುದಕ್ಕೂ ಆ ಹೊತ್ತು ಬೇಕು.

ಓರೆಯಾಗಿ ನಿಂತು ಉರುಳುವಂತಿರುವ ಗಾಡಿಗೆ ಈ ಜಗ್ಗಾಟ ಸಲ್ಲ. ಒಳಗಿದ್ದವರು ಮೇಲಿನ ಬದಿಯ ಬಾಗಿಲಿನಿಂದ ಇಳಿಯಬೇಕು, ಕೆಳಬದಿಯಲ್ಲಿ ಯಾರೂ ಸುಳಿಯಬಾರದು. ಮೇಲೆ ಇನ್ನೊಂದು ಗಾಡಿ ನಿಲ್ಲಿಸಿ ಹಿಗ್ಗದ ಪಟ್ಟಿಯಿಂದ ಬಿಗಿ ಹಿಡಿದು, ಮೇಲ್ಬದಿಯ ಚಕ್ರಗಳ ಕೆಳಗೆ ತೋಡುತ್ತ ಗಾಡಿಯನ್ನು ಸಮಕ್ಕೆ ತರಬೇಕು. ಆಮೇಲೆ ಸ್ಟೀರಿಂಗ್ ಕೆಳಮುಖ ಮಾಡಿ ಇಳಿಸುವುದು, ಅಥವಾ ಗಾಡಿಗೆ ಜೋಡಿಸಿದ ಹಗ್ಗ ಸುತ್ತುವ ಯಂತ್ರ, ವಿಂಚಿನಿಂದ ನಿಧಾನ ಎಳೆಯುವುದು.

ಪಾಪ್‌ಔಟ್ ಆದರೆ ಗಾಬರಿ ಬೇಡ. ಜಾಕಿನಡಿಗೆ ಒಂದೂವರೆ ಅಡಿ ಚೌಕದ ದಪ್ಪ ಪ್ಲೈವುಡ್ ಇಲ್ಲದಿದ್ದರೆ ಏರುವುದು ಗಾಡಿಯಲ್ಲ, ಇಳಿಯುವುದು ಜಾಕು. ರಿಮ್ಮಿನ ಅಂಚು, ಟಯರಿನ ಅಂಚು ಎರಡನ್ನೂ ನೀರು ಹಾಕಿ ಮರಳಿಲ್ಲದಂತೆ ತೊಳೆದು, ವಾಲ್ವಿನ ಒಳಪಿನ್ನು ತೆಗೆದು ಕಂಪ್ರೆಸರಿನಿಂದ ಗಾಳಿ ತುಂಬಿದರೆ ರಭಸಕ್ಕೆ ಟಯರು ಟಪ್ಪೆಂದು ಕೂರುತ್ತದೆ. ಕೂರದಿದ್ದರೆ ಟಯರಿನ ಸುತ್ತ ರ‍್ಯಾಚೆಟ್ ಪಟ್ಟಿ ಬಿಗಿದು ಮತ್ತೆ. ಸ್ಪ್ರೇ ಹೊಡೆದು ಬೆಂಕಿ ಕೊಡುವ ವಿಡಿಯೊಗಳಿವೆ; ಪಕ್ಕದಲ್ಲೇ ಪೆಟ್ರೋಲ್ ಟ್ಯಾಂಕ್ ಇದೆ ಎಂಬುದು ಆ ವಿಡಿಯೊಗಳಲ್ಲಿ ಕಾಣುವುದಿಲ್ಲ. ಕಂಪ್ರೆಸರಿನ ವೈರು ನೇರ ಬ್ಯಾಟರಿಗೆ ಹೋಗಲಿ, ಸಿಗರೇಟ್ ಸಾಕೆಟ್ಟಿಗೆ ಹಾಕಿದರೆ ಫ್ಯೂಸ್ ಹೋಗುತ್ತದೆ.

ಹಗ್ಗವೂ ಸಲಿಕೆಯೂ ಸೋಲುವ ಜಾಗ ಸಬ್ಖಾ. ಲಿವಾ ಕಡೆಯ ದಿಬ್ಬಗಳ ನಡುವೆ, ಕರಾವಳಿಯ ಉದ್ದಕ್ಕೆ ಕಾಣುವ ಸಪಾಟು ಉಪ್ಪುನೆಲ. ಮೇಲೆ ಹಪ್ಪಳದಂಥ ಪದರ, ಕೆಳಗೆ ಅಂಟು ಕೆಸರು. ನಡುವೆ ಸಿಕ್ಕಿದರೆ ಬಿಡಿಸಲು ಬಂದ ಗಾಡಿಯೂ ಹೂಳುತ್ತದೆ. ಒದ್ದೆಯಾಗಿ ಕಪ್ಪಗೆ ಕಂಡರೆ ಸುತ್ತಿಕೊಂಡೇ ಹೋಗಬೇಕು.

ಇಲ್ಲಿನ ಮರಳಿನಲ್ಲಿ ಒಂಟಿಯಾಗಿ ನಿಲ್ಲುವ ಗಾಫ್ ಮರ ನಮ್ಮಲ್ಲಿ ವಿಜಯದಶಮಿಗೆ ಪೂಜಿಸುವ ಬನ್ನಿಯೇ, ಈ ದೇಶದ ರಾಷ್ಟ್ರವೃಕ್ಷ. ನೆರಳಿದೆ ಎಂದು ಬುಡಕ್ಕೇ ಗಾಡಿ ಒಯ್ಯಬಾರದು. ಮರಕ್ಕೆ ಕೆಡುಕು, ಉದುರಿದ ಮುಳ್ಳುಕಡ್ಡಿ ಗಾಳಿ ಇಳಿದ ಟಯರಿನ ಪಕ್ಕಕ್ಕೆ ಚುಚ್ಚಿದರೆ ಪ್ಯಾಚು ನಿಲ್ಲುವುದೂ ಇಲ್ಲ.

ಹೊರಡುವ ಮುನ್ನ ಇನ್ನಷ್ಟು. ಪೆಟ್ರೋಲ್ ಟ್ಯಾಂಕ್ ತುಂಬ, ಏಕೆಂದರೆ ಮರಳಿನಲ್ಲಿ ಖರ್ಚು ರಸ್ತೆಯ ಎರಡು ಪಟ್ಟಾಗುತ್ತದೆ. ತಲೆಗೆ ಐದು ಲೀಟರ್ ನೀರು. ಜಾಕು, ಬಾಟಲಿ, ಸ್ಪ್ಯಾನರ್ ಎಲ್ಲ ಬಿಗಿದು ಕಟ್ಟಿರಬೇಕು. ಗಾಡಿ ಉರುಳಿದಾಗ ತಲೆಗೆ ಬಡಿಯುವುದು ಅವೇ. ವಿಮೆಯ ಕಾಗದದಲ್ಲಿ ಆಫ್-ರೋಡ್ ರಕ್ಷಣೆ ಇದೆಯೇ ಎಂದು ಓದಿ ನೋಡಿ, ಎಲ್ಲ ಪಾಲಿಸಿಯಲ್ಲೂ ಇರುವುದಿಲ್ಲ. ಬೇಲಿ ಹಾಕಿದ ಸಂರಕ್ಷಿತ ಪ್ರದೇಶಗಳಿಗೆ ನುಗ್ಗುವಂತಿಲ್ಲ. ಕಷ್ಟ ಬಂದರೆ ಪೊಲೀಸ್ 999, ಆಂಬುಲೆನ್ಸ್ 998. ಇರುವ ಜಾಗದ ಅಕ್ಷಾಂಶ ರೇಖಾಂಶ ಓದಿ ಹೇಳಲು ಬರಬೇಕು.

ವಾಪಸು ಡಾಂಬರು ಸಿಕ್ಕ ಕೂಡಲೇ ಗಾಳಿ ತುಂಬಿಸಿ. 15 ಪಿಎಸ್‌ಐನಲ್ಲಿ 100ರ ವೇಗಕ್ಕೆ ಹೋದರೆ ಟಯರಿನ ಪಕ್ಕ ಬಿಸಿಯಾಗಿ ಸೀಳುತ್ತದೆ. ಹಾಗೆಯೇ ಗಾಡಿಯಡಿಗೆ ಬಗ್ಗಿ ಸೈಲೆನ್ಸರಿಗೆ ಸಿಕ್ಕಿಕೊಂಡ ಒಣಹುಲ್ಲು ಕಿತ್ತು ತೆಗೆಯಿರಿ, ಗಾಡಿಗೆ ಬೆಂಕಿ ಹತ್ತುವುದು ಅದರಿಂದಲೂ ಉಂಟು. ಮನೆಗೆ ಬಂದ ಮೇಲೆ ಏರ್ ಫಿಲ್ಟರ್ ಬಿಚ್ಚಿ ಕೊಡವಿ, ಹಗ್ಗವನ್ನು ಬರೀ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಎಳೆಗಳ ನಡುವೆ ಉಳಿದ ಮರಳು ಅದನ್ನು ಒಳಗಿನಿಂದಲೇ ಕೊಯ್ಯುತ್ತದೆ.