ಯಾವ ಇಪ್ಪತ್ತೈದು?

ಮೂವತ್ತೊಂದು ವರ್ಷ ನಾನು ಮಾಡಿದ ಕೆಲಸ ತಲೆ ಎಣಿಸುವುದು. ಕೆಎಸ್‌ಆರ್‌ಟಿಸಿಯಲ್ಲಿ ಕಂಡಕ್ಟರ್ ಆಗಿದ್ದೆ. ಜಾಸ್ತಿ ದಿನ ಓಡಾಡಿದ್ದು ಅರಸೀಕೆರೆ–ಹಾಸನ, ಕೊನೆಯ ಆರು ವರ್ಷ ಚಿಕ್ಕಮಗಳೂರು ಕಡೆ. ಸ್ಟೇಜ್ ಬರುವ ಮುಂಚೆ ಬಸ್ಸಿನ ಹಿಂದಿನಿಂದ ಒಂದು ಸಲ ಕಣ್ಣು ಹಾಯಿಸಿದರೆ ಸಾಕು. ಎಷ್ಟು ಜನ ಇದ್ದಾರೆ, ಎಷ್ಟು ಟಿಕೆಟ್ ಹರಿದಿದೆ, ತಾಳೆಯಾಗುತ್ತಾ ಇಲ್ವಾ ಅಂತ ಗೊತ್ತಾಗಿಬಿಡುತ್ತಿತ್ತು. ಚೆಕಿಂಗ್‌ನವರು ಹತ್ತಿದಾಗ ನನ್ನ ವೇಬಿಲ್, ಅಂದರೆ ಟಿಕೆಟ್ ಲೆಕ್ಕ ಬರೆಯುವ ಹಾಳೆ, ಒಂದು ದಿನವೂ ತಪ್ಪಲಿಲ್ಲ. ಈ ಜಂಬವನ್ನು ಹೊತ್ತುಕೊಂಡೇ 60ಕ್ಕೆ ರಿಟೈರ್ ಆಗಿ ಊರಿಗೆ ಬಂದೆ. ಊರು ಬಾಣಾವರದ ಹತ್ತಿರ. ಎರಡೂವರೆ ಎಕರೆ ಜಮೀನು, ಅರ್ಧ ತೆಂಗು, ಅರ್ಧ ರಾಗಿ ಹುರುಳಿ ಬೆಳೆಯುವ ಹೊಲ. ಅಲ್ಲಿ ಕುರಿ ಕಟ್ಟಿದೆ.

ಹಸು ಯಾಕೆ ಕಟ್ಟಲಿಲ್ಲ ಅಂತ ಎಲ್ಲರೂ ಕೇಳುತ್ತಾರೆ. ಹಸು ಅಂದರೆ ಬೆಳಗ್ಗೆ ಸಂಜೆ ಡೈರಿಗೆ ಹಾಲು ಹಾಕಲೇಬೇಕು, ಒಂದು ಮದುವೆಗೂ ಹೋಗುವ ಹಾಗಿಲ್ಲ. ಇಷ್ಟು ವರ್ಷ ಡ್ಯೂಟಿ ಚಾರ್ಟ್ ನೋಡಿ ಸಾಕಾಗಿತ್ತು.

ಎಷ್ಟು ಕುರಿ ತರಬೇಕು ಅನ್ನುವುದೇ ಮೊದಲ ಜಗಳ. ಪ್ರಾಜೆಕ್ಟ್ ರಿಪೋರ್ಟ್ ಬರೆದುಕೊಡುವ ಒಬ್ಬ ಹುಡುಗ ಮನೆಗೆ ಬಂದು ಕೂತ. ಕೇಂದ್ರ ಸರ್ಕಾರದ ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ 100 ಹೆಣ್ಣು ಕುರಿ, 5 ಟಗರಿನ ಘಟಕಕ್ಕೆ ಅರ್ಧ ಸಬ್ಸಿಡಿ, 10 ಲಕ್ಷದವರೆಗೆ ಸಿಗುತ್ತೆ ಅಂದ. ಅವನು ಹೇಳಿದ್ದು ಸುಳ್ಳಲ್ಲ. ಆದರೆ ಉಳಿದ ಅರ್ಧಕ್ಕೆ ನನ್ನ ಗ್ರಾಚ್ಯುಟಿ ಇಡಬೇಕು, ಇಲ್ಲ ಬ್ಯಾಂಕಿಗೆ ಹೋಗಬೇಕು. 105 ಕುರಿಗೆ ಆಳು ಬೇಕು, ಆಳು ನಮ್ಮ ಕಡೆ ಸಿಗಲ್ಲ. ನನ್ನ ಹೆಂಡತಿ ಒಂದೇ ಮಾತು ಕೇಳಿದಳು: "ಜ್ವರ ಬಂದ್ರೆ ಅಷ್ಟನ್ನೂ ಹಿಡಿದು ಔಷಧಿ ಕುಡಿಸೋರು ಯಾರು, ನಿಮ್ಮ ಮಂಡೀನಾ?" 24 ಹೆಣ್ಣು, ಒಂದು ಟಗರಿಗೆ ನಿಲ್ಲಿಸಿದೆವು. ಒಂದು ಟಗರು ಇಪ್ಪತ್ತೈದು ಮೂವತ್ತು ಹೆಣ್ಣನ್ನು ಸುಧಾರಿಸುತ್ತೆ, ಹಾಗಾಗಿ ಲೆಕ್ಕ ಸರಿಹೋಯಿತು. ಮಂಡಿಯಿಂದ ಹುಟ್ಟಿದ ಲೆಕ್ಕ ಅದು, ಇವತ್ತಿಗೂ ಸರಿ ಅನ್ನಿಸುತ್ತದೆ.

ಶೆಡ್ ವಿಷಯದಲ್ಲಿ ಅಷ್ಟು ಜಾಣತನ ತೋರಿಸಲಿಲ್ಲ. ಮೊಬೈಲ್‌ನಲ್ಲಿ ನೋಡಿ ಅಟ್ಟಣಿಗೆ ಶೆಡ್ ಹಾಕಿಸಿದೆ. ಹಲಗೆಗಳ ನಡುವೆ ಸಂದು ಇರುತ್ತೆ, ಹಿಕ್ಕೆ ಕೆಳಗೆ ಬೀಳುತ್ತೆ, ಕುರಿ ಒಣಗಿದ ಜಾಗದಲ್ಲಿ ಮಲಗುತ್ತೆ. ಮೂಡಿಗೆರೆ, ಸಕಲೇಶಪುರದ ಮಳೆಗೆ ಅದು ಬೇಕೇ ಬೇಕು. ನಮ್ಮ ಅರಸೀಕೆರೆ ಬಿಸಿಲಿಗೆ ಕಲ್ಲು ಗೋಡೆಯ ರೊಪ್ಪ, ಮೇಲೆ ಒಂದಿಷ್ಟು ತೆಂಗಿನ ಗರಿ ಸಾಕಾಗಿತ್ತು. ಹೋಗಲಿ. ದುಡ್ಡು ಉಳಿಸೋಕೆ ಅಟ್ಟವನ್ನು ಮೂರಡಿ ಎತ್ತರಕ್ಕೆ ಇಟ್ಟೆ ನೋಡಿ, ಅದು ತಪ್ಪು. ಈಗ ಗೊಬ್ಬರ ಎಳೆಯಲು ಮೂರಡಿ ಅಟ್ಟದ ಕೆಳಗೆ ಕುಕ್ಕರುಗಾಲಲ್ಲಿ ತೆವಳಬೇಕು. ವಯಸ್ಸಾದ ಮೇಲೆ ಶೆಡ್ ಕಟ್ಟುವವರು ಮೊದಲು ತಾವು ನಿಂತು ಓಡಾಡುವಷ್ಟು ಎತ್ತರ ಬಿಡಿಸಿ, ಕುರಿ ಹೇಗಾದರೂ ಹೊಂದಿಕೊಳ್ಳುತ್ತೆ.

ಕುರಿ ತಂದದ್ದು ಸಂತೆಯಿಂದ. ಹಾಸನ ತಳಿ ಅಂತಲೇ ಒಂದು ಇದೆ, ನಮ್ಮ ಜಿಲ್ಲೆಯ ಹೆಸರಿನದೇ. ಅದನ್ನೇ ತರೋಣ ಅಂತ ಆಸೆ. ಸಂತೆಯಲ್ಲಿ ಸಿಕ್ಕಿದ್ದು ಬೆರಕೆ. ಬಾಯಿ ತೆರೆಸಿ ಹಲ್ಲು ನೋಡಬೇಕು ಅಂತ ಗೊತ್ತಿತ್ತು, ನೋಡಿದೆ. ಆದರೆ ನೋಡಿದ್ದರ ಅರ್ಥ ಗೊತ್ತಿರಲಿಲ್ಲ. ಎಂಟೂ ಹಲ್ಲು ಸಾಲಾಗಿ ಕಂಡವು, "ಭೇಷ್, ಹಲ್ಲು ಪೂರ್ತಿ ಇದೆ" ಅಂದುಕೊಂಡೆ. ಹಾಲು ಹಲ್ಲು ಹೋಗಿ ಎಂಟೂ ದೊಡ್ಡ ಹಲ್ಲು ಬಂದು ಬಾಯಿಗೂಡಿದೆ ಅಂದರೆ ಆ ಕುರಿಗೆ ನಾಲ್ಕು ವರ್ಷದ ಮೇಲಾಗಿದೆ, ಇನ್ನು ಇಳಿಜಾರು ಅಂತ ಅರ್ಥ. ನಾನು ತರಬೇಕಿದ್ದದ್ದು ಎರಡೇ ದೊಡ್ಡ ಹಲ್ಲು ಬಂದದ್ದು, ಒಂದೂವರೆ ವರ್ಷದ ಆಸುಪಾಸಿನದು. ಇಪ್ಪತ್ತನಾಲ್ಕರಲ್ಲಿ ಒಂಬತ್ತು ಮುದುಕಿಯರು. ರಿಟೈರ್ ಆದವನು ರಿಟೈರ್ ಆದ ಕುರಿಗಳನ್ನೇ ಹುಡುಕಿ ತಂದ ಅಂತ ಊರಲ್ಲಿ ನಕ್ಕರು.

ಆಮೇಲೆ ನನ್ನ ಎಣಿಕೆ ಶುರುವಾಯಿತು. ಬೆಳಗ್ಗೆ ಬಿಡುವಾಗ ಗೇಟಲ್ಲಿ ನಿಂತು 25. ಸಂಜೆ ಒಳಗೆ ಬರುವಾಗ 25. ಪುಸ್ತಕ ಇಟ್ಟು ದಿನಾಂಕ ಹಾಕಿ ಬರೆಯುತ್ತಿದ್ದೆ. ಗೆರೆ ಎಳೆದದ್ದೂ ವೇಬಿಲ್ ಥರವೇ. ಮೂರು ತಿಂಗಳು ಒಂದು ದಿನ ತಪ್ಪಲಿಲ್ಲ.

ಆ ವರ್ಷ ಮುಂಗಾರು ಚೆನ್ನಾಗಿ ಬಂತು. ಕೆರೆ ಅಂಗಳದಲ್ಲಿ ಎಳೆ ಹುಲ್ಲು ಎದ್ದಿತ್ತು. ಬೆಳಗ್ಗೆ ಏಳಕ್ಕೆಲ್ಲ ಬಿಡುತ್ತಿದ್ದೆ, ಹೊಟ್ಟೆ ತುಂಬಾ ಮೇಯಲಿ ಅಂತ. ಆಗಸ್ಟ್‌ನಲ್ಲಿ ಒಂದು ಬೆಳಗ್ಗೆ ಎರಡು ಕುರಿ ಸತ್ತು ಬಿದ್ದಿದ್ದವು. ಹಿಂದಿನ ರಾತ್ರಿಯ ಪುಟದಲ್ಲಿ 25 ಅಂತ ನನ್ನದೇ ಅಕ್ಷರದಲ್ಲಿ ಇತ್ತು. ಮಾರನೆಯ ದಿನ ಇನ್ನೊಂದು.

ನಮ್ಮೂರ ಹಟ್ಟಿಯಲ್ಲಿ ಒಬ್ಬರು ಯಜಮಾನರಿದ್ದಾರೆ. ಎಪ್ಪತ್ತೆಂಟು ದಾಟಿದೆ. ಹುಟ್ಟಿದಾಗಿನಿಂದ ಕುರಿ ಹಿಂದೆ ನಡೆದವರು. ಸುದ್ದಿ ಕೇಳಿ ಬಂದರು. ನಾನು ಪುಸ್ತಕ ತೆಗೆದು ತೋರಿಸಿದೆ, ರಾತ್ರಿ ಎಲ್ಲ ಸರಿ ಇತ್ತು ಯಜಮಾನ್ರೇ, ಇಪ್ಪತ್ತೈದೂ ಬಂದಿತ್ತು ಅಂತ. ಅವರು ಪುಸ್ತಕದ ಕಡೆ ನೋಡಲೂ ಇಲ್ಲ. "ಇಪ್ಪತ್ತೈದು ಅಂತೀರಲ್ಲ ಕಂಡಕ್ಟ್ರೇ, ಯಾವ ಇಪ್ಪತ್ತೈದು?" ಅಂದರು.

ನನಗೆ ಅರ್ಥ ಆಗಲಿಲ್ಲ. ಅವರು ಮಂದೆಯೊಳಗೆ ನಡೆದು ಹೋಗಿ ಒಂದೊಂದರ ಕೆಳಗಣ್ಣಿನ ರೆಪ್ಪೆ ಬಿಡಿಸಿ ತೋರಿಸಿದರು. ಒಳಗೆ ಕೆಂಪಗಿರಬೇಕು. ಏಳೆಂಟರದ್ದು ಸುಣ್ಣದ ಹಾಗೆ ಬೆಳ್ಳಗಿತ್ತು. ನಾಲ್ಕರ ದವಡೆ ಕೆಳಗೆ ನೀರು ತುಂಬಿದ ಚೀಲದ ಹಾಗೆ ಊದಿತ್ತು. ಅದು ಒಂದು ದಿನದ್ದಲ್ಲ, ವಾರಗಟ್ಟಲೆಯಿಂದ ಇತ್ತು. ದಿನಕ್ಕೆರಡು ಸಲ ಅವು ನನ್ನ ಮುಂದೆಯೇ ಹಾದುಹೋಗಿದ್ದವು. ನಾನು ಬೆರಳು ಮಡಚುತ್ತಾ ನಿಂತಿದ್ದೆ.

ಸತ್ತದ್ದರಲ್ಲಿ ಒಂದನ್ನು ಹಾಸನದ ಪಶುವೈದ್ಯಕೀಯ ಕಾಲೇಜಿಗೆ ಒಯ್ದು ಕೊಯ್ಯಿಸಿದೆವು. ಹೊಟ್ಟೆಯ ನಾಲ್ಕನೆಯ ಕೋಣೆಯಲ್ಲಿ ದಾರದ ಎಳೆಯಂಥ ಹುಳ, ಕೆಂಪು ಬಿಳಿ ಹೊಸೆದ ಹಾಗೆ. ಹೀಮಾಂಕಸ್ ಅಂತ ಹೆಸರು. ರಕ್ತ ಕುಡಿಯುವ ಜಾತಿ. ಒಂದೊಂದು ಹೆಣ್ಣು ಹುಳ ದಿನಕ್ಕೆ ಸಾವಿರಗಟ್ಟಲೆ ಮೊಟ್ಟೆ ಇಡುತ್ತದಂತೆ. ಹಿಕ್ಕೆಯಲ್ಲಿ ಬಿದ್ದ ಮೊಟ್ಟೆ ಹಸಿ ನೆಲದಲ್ಲಿ ಒಡೆದು, ಮರಿ ಹುಳ ಇಬ್ಬನಿ ಹಿಡಿದು ಹುಲ್ಲಿನ ಎಸಳು ಹತ್ತಿ ಕೂರುತ್ತೆ. ನಾನು ಏಳು ಗಂಟೆಗೆ ಕುರಿ ಬಿಟ್ಟು ಅದೇ ಹುಲ್ಲನ್ನು ಬುಡಮಟ್ಟ ಮೇಯಿಸುತ್ತಿದ್ದೆ. ಇಬ್ಬನಿ ಆರುವ ತನಕ ಮಂದೆ ಬಿಡಬಾರದು ಅಂತ ಹಟ್ಟಿಯ ಚಿಕ್ಕ ಹುಡುಗನಿಗೂ ಗೊತ್ತು. ನನಗೆ ಗೊತ್ತಿರಲಿಲ್ಲ, ಯಾರನ್ನೂ ಕೇಳಲಿಲ್ಲ. ಕೇಳೋಕೆ ಏನಿದೆ, ಕುರಿ ತಾನೇ ಅಂತ.

ಜಂತಿನ ಔಷಧಿ ಹಾಕಿರಲಿಲ್ಲ ಅಂತಲ್ಲ. ಹಾಕಿದ್ದೆ, ಕ್ಯಾಲೆಂಡರ್ ನೋಡಿ, ಎಲ್ಲಕ್ಕೂ ಒಂದೇ ಅಳತೆ, ಒಂದೇ ಔಷಧಿ. ದಪ್ಪ ಕುರಿಗೆ ಅದು ಸಾಲದು. ಸಾಲದ ಔಷಧಿ ಮತ್ತೆ ಮತ್ತೆ ಕುಡಿಸಿದರೆ ಹುಳ ಅದಕ್ಕೆ ಒಗ್ಗಿಹೋಗುತ್ತೆ. ಡಾಕ್ಟ್ರು ಐದು ಬಣ್ಣದ ಒಂದು ಕಾರ್ಡ್ ತೋರಿಸಿದರು, ಕಡುಕೆಂಪಿನಿಂದ ಬಿಳಿವರೆಗೆ. ರೆಪ್ಪೆಯ ಒಳಗಿನ ಬಣ್ಣವನ್ನು ಅದಕ್ಕೆ ಹೋಲಿಸಿ, ಬಿಳಚಿಕೊಂಡವಕ್ಕೆ ಮಾತ್ರ ತೂಕ ನೋಡಿ ಔಷಧಿ ಹಾಕಿ ಅಂದರು. ಯಜಮಾನರಿಗೆ ಹೇಳಿದೆ. "ಕಾರ್ಡ್ ಬೇರೆ ಬಂತಾ?" ಅಂತ ನಕ್ಕರು.

ಅವರ ಮಂದೆಯಲ್ಲಿ ಎಷ್ಟು ಕುರಿ ಇವೆ ಅಂತ ಕೇಳಿದರೆ ಅವರು ಸರಿಯಾಗಿ ಹೇಳಲ್ಲ. ಎಂಬತ್ತೋ ತೊಂಬತ್ತೋ ಅನ್ನುತ್ತಾರೆ. ಕುರಿ ಎಣಿಸಿದರೆ ಕಣ್ಣು ಬೀಳುತ್ತೆ ಅಂತಲೂ ಅವರಿಗೆ ಒಂದು ನಂಬಿಕೆ. ಆದರೆ ಸಂಜೆ ರೊಪ್ಪಕ್ಕೆ ಹೊಡೆದ ಮೇಲೆ ಒಂದು ಸುತ್ತು ನೋಡಿ "ಕರಿಬೊಟ್ಟಿನ ಮಗಳು ಬರ್ಲಿಲ್ಲ, ಹಳ್ಳದಾಗೆ ನಿಂತೈತೆ, ಹೋಗ್ಲಾ" ಅಂತ ಮೊಮ್ಮಗನನ್ನು ಕಳಿಸುತ್ತಾರೆ. ಅದು ಅಲ್ಲೇ ಇರುತ್ತೆ.

ಅವರ ಹತ್ತಿರ ಎರಡು ತಿಂಗಳು ಬೆಳಗ್ಗೆ ಹೋಗಿ ನಿಂತೆ. ಅರವತ್ತರಲ್ಲಿ ಟ್ರೈನಿ. ಅವರು ಪಾಠ ಹೇಳುವ ಪೈಕಿ ಅಲ್ಲ. "ಯಾವ್ದು ಕೊನೆಗೆ ಏಳ್ತೈತೆ ನೋಡಿ" ಅನ್ನುತ್ತಿದ್ದರು, ಅಷ್ಟೇ. ಬೆಳಗ್ಗೆ ಎದ್ದು ಮೈಮುರಿಯದ ಕುರಿ, ಮೇವು ಹಾಕಿದಾಗ ಗೋದಲಿಗೆ ನುಗ್ಗದ ಕುರಿ, ಮಂದೆಯ ಹಿಂದೆ ಉಳಿಯುವ ಕುರಿ, ಕಿವಿ ಇಳಿಬಿಟ್ಟಿದ್ದು, ಮೆಲುಕು ಹಾಕದೆ ನಿಂತದ್ದು. ಕುರಿ ಕಾಯಿಲೆಯನ್ನು ಬಚ್ಚಿಡುವ ಪ್ರಾಣಿ. ತೋಳ, ಚಿರತೆಗೆ ಕುಂಟುವುದೇ ಮೊದಲು ಕಾಣುತ್ತೆ ಅಲ್ವಾ, ಅದಕ್ಕೇ ಬಿದ್ದುಹೋಗುವ ತನಕ ಎಲ್ಲರ ಜೊತೆ ನಡೆದುಬಿಡುತ್ತೆ. ಹಾಗೆ ನಡೆದು ಬಂದದ್ದನ್ನು ನಾನು ಪುಸ್ತಕದಲ್ಲಿ ಒಂದು ಅಂತ ಬರೆದುಕೊಳ್ಳುತ್ತಿದ್ದೆ.

ಈಗ ನನ್ನ ಪುಸ್ತಕದಲ್ಲಿ ಸಂಖ್ಯೆಯ ಜಾಗದಲ್ಲಿ ಹೆಸರುಗಳಿವೆ. ಕೆಂಚಿ, ಮೋಟುಕಿವಿ, ಚುಕ್ಕೆ, ಸಂತೆಯವಳು, ಜಗಳಗಂಟಿ. ಪಕ್ಕದಲ್ಲಿ ಕಣ್ಣಿನ ಬಣ್ಣ, ಗೊರಸು ಕತ್ತರಿಸಿದ ದಿನ, ಟಗರು ಹತ್ತಿದ ದಿನ. ಹತ್ತಿದ ದಿನದಿಂದ ಐದು ತಿಂಗಳಿಗೆ ಮರಿ. ಬರೆದಿಟ್ಟರೆ ರಾತ್ರಿ ಯಾವತ್ತು ಎದ್ದು ನೋಡಬೇಕು ಅನ್ನುವುದು ಗೊತ್ತಿರುತ್ತೆ. ಗೆರೆ ಮಾತ್ರ ಇನ್ನೂ ವೇಬಿಲ್ ಥರವೇ, ಅದು ಬಿಡೋಕಾಗಲ್ಲ.

ನೋಡಲು ಕಲಿತ ಮೇಲೂ ಒಂದು ದೊಡ್ಡ ಅಪಾಯ ಕೂದಲೆಳೆಯಲ್ಲಿ ತಪ್ಪಿತು. ಇದು ಕಣ್ಣಿಗೆ ಕಾಣುವಂಥದ್ದಲ್ಲ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಕುರಿ ಬಡಕಲಾಗಿವೆ ಅಂತ ಖನಿಜ ಮಿಶ್ರಣದ ಒಂದು ಚೀಲ ತಂದೆ. ಅಂಗಡಿಯವನು ಹಸುವಿನದನ್ನೇ ಕೊಟ್ಟ, "ಎಲ್ಲದಕ್ಕೂ ಆಗುತ್ತೆ" ಅಂದ. ಎರಡು ವಾರ ಹಾಕಿದೆ. ಲಸಿಕೆ ಹಾಕಲು ಬಂದ ಡಾಕ್ಟ್ರು ಚೀಲ ನೋಡಿ "ಇದನ್ನ ಇವತ್ತೇ ನಿಲ್ಲಿಸಿ" ಅಂದರು. ಹಸುವಿಗೆ ಬೇಕಾಗುವಷ್ಟು ತಾಮ್ರ ಕುರಿಗೆ ವಿಷ. ಕುರಿಯ ಪಿತ್ತಜನಕಾಂಗ ತಾಮ್ರವನ್ನು ಹೊರಗೆ ಹಾಕದೆ ಕೂಡಿಡುತ್ತಾ ಹೋಗುತ್ತೆ. ತಿಂಗಳುಗಟ್ಟಲೆ ಏನೂ ತೋರಿಸಲ್ಲ. ಒಂದು ದಿನ ಲಾರಿಯಲ್ಲಿ ಸಾಗಿಸಿದ ದಣಿವೋ, ಮೇವು ಇಲ್ಲದ್ದೋ ಒಂದು ನೆಪಕ್ಕೆ ಅದೆಲ್ಲ ಒಮ್ಮೆಲೇ ರಕ್ತಕ್ಕೆ ಬಿಡುಗಡೆಯಾಗಿ ರಕ್ತವೇ ಒಡೆಯುತ್ತೆ. ಕಣ್ಣು ಹಳದಿ, ಉಚ್ಚೆ ಕಂದು ಕೆಂಪು, ಒಂದೆರಡು ದಿನದಲ್ಲಿ ಕಥೆ ಮುಗಿಯುತ್ತೆ.

ಅವರು ಹೋದ ಮೇಲೆ ನನಗೆ ಇನ್ನೊಂದು ನೆನಪಾಗಿ ಬೆವರಿತು. ಬೇಲೂರಿನ ಆಚೆ ನನ್ನ ಭಾವಮೈದನ ಕಾಫಿ ತೋಟ ಇದೆ. ಬೇಸಿಗೆಯಲ್ಲಿ ನಮ್ಮ ಕಡೆ ಹುಲ್ಲು ಸುಟ್ಟುಹೋದಾಗ ಕರೆದಿದ್ದ: "ಭಾವ, ತೋಟದಲ್ಲಿ ಕಳೆ ಮಂಡಿಯುದ್ದ ಬಂದಿದೆ, ಕುರಿ ಹೊಡ್ಕೊಂಡು ಬನ್ನಿ. ನಂಗೂ ಕಳೆ ತೆಗೆಸೋ ಖರ್ಚು ಉಳಿಯುತ್ತೆ." ಎರಡು ತಿಂಗಳು ಪುಕ್ಕಟೆ ಮೇವು, ಯಾರು ಬೇಡ ಅಂತಾರೆ? ಲಾರಿ ಮಾತಾಡಿ ಆಗಿತ್ತು. ಆದರೆ ಕಾಫಿಗೆ ಎಲೆ ತುಕ್ಕು ರೋಗ ಬರದಿರಲಿ ಅಂತ ಹೊಡೆಯುವ ಬೋರ್ಡೋ ದ್ರಾವಣ ಅಂದರೆ ಏನು? ಮೈಲುತುತ್ತ ಮತ್ತು ಸುಣ್ಣ. ಮೈಲುತುತ್ತ ಅಂದರೆ ತಾಮ್ರವೇ. ಅಡಿಕೆಗೆ ಕೊಳೆ ರೋಗಕ್ಕೆ ಹೊಡೆಯುವುದೂ ಅದೇ. ಎಲೆಯಿಂದ ತೊಟ್ಟಿಕ್ಕಿದ್ದು ಕೆಳಗಿನ ಕಳೆಯ ಮೇಲೆ ಬಿದ್ದಿರುತ್ತೆ, ವರ್ಷ ವರ್ಷ ಮಣ್ಣಲ್ಲೂ ಸೇರಿರುತ್ತೆ. ಡಾಕ್ಟ್ರಿಗೆ ಫೋನ್ ಮಾಡಿ ಕೇಳಿದೆ. ಖಂಡಿತ ಬೇಡ ಅಂದರು. ಲಾರಿಗೆ ಕೊಟ್ಟ ಅಡ್ವಾನ್ಸ್ ಹೋಯಿತು. ಭಾವಮೈದ ಇವತ್ತಿಗೂ ನಂಬಲ್ಲ, ನಮ್ಮ ತೋಟದಲ್ಲಿ ಹಸು ಮೇಯುತ್ತಲ್ಲ ಅನ್ನುತ್ತಾನೆ. ಹಸು ತಡೆದುಕೊಳ್ಳುತ್ತೆ ಮಾರಾಯ, ಕುರಿ ತಡೆಯಲ್ಲ. ಮಲೆನಾಡಿನ ಅಂಚಲ್ಲಿ ಕುರಿ ಕಟ್ಟುವವರಿಗೆ ಇದು ಗೊತ್ತಿರಲೇಬೇಕು.

ಮಂಡಿಗೆ ಉಪಕಾರ ಮಾಡಿದ್ದು ಒಂದು ಓಣಿ. ಮೊದಲೆಲ್ಲ ಔಷಧಿ ದಿನ ಅಂದರೆ ಕಬಡ್ಡಿ ಪಂದ್ಯ. ಒಂದು ಸಲ ಜಗಳಗಂಟಿ ನನ್ನನ್ನು ಕೆಡವಿ ಹದಿನೈದು ದಿನ ಹಾಸಿಗೆ ಹಿಡಿಸಿದಳು. ಆಮೇಲೆ ಶೆಡ್ಡಿನ ಪಕ್ಕಕ್ಕೆ ಒಂದೂವರೆ ಅಡಿ ಅಗಲದ, ಹನ್ನೆರಡು ಅಡಿ ಉದ್ದದ ಓಣಿ ಮಾಡಿಸಿದೆ, ಎರಡು ಕಡೆ ಗೇಟು. ಒಳಗೆ ಹೋದ ಕುರಿ ತಿರುಗಲಾರದು. ನಾನು ಹೊರಗೆ ನಿಂತೇ ರೆಪ್ಪೆ ನೋಡುತ್ತೇನೆ, ಔಷಧಿ ಕುಡಿಸುತ್ತೇನೆ. ಬಸ್ಸಿಗೆ ಒಂದೇ ಬಾಗಿಲಲ್ಲಿ ಹತ್ತಿಸಿದ ಹಾಗೆ. ಇಡೀ ಶೆಡ್‌ನಲ್ಲಿ ಕಡಿಮೆ ದುಡ್ಡು ಹಾಕಿ ಜಾಸ್ತಿ ಸುಖ ಪಟ್ಟದ್ದು ಇದರಲ್ಲೇ.

ಲಸಿಕೆ ವಿಷಯ ಬೇಗ ಹೇಳಿಬಿಡುತ್ತೇನೆ. ಕರುಳು ಬೇನೆಗೆ, ಅಂದರೆ ಇಟಿಗೆ, ಮುಂಗಾರಿನ ಮುಂಚೆಯೇ ಹಾಕಿಸಬೇಕು. ಹೊಸ ಹುಲ್ಲು ತಿಂದು ಮಂದೆಯಲ್ಲಿ ಎಲ್ಲಕ್ಕಿಂತ ದಪ್ಪನೆಯ ಮರಿಯೇ ಸಾಯುವುದು ಈ ಬೇನೆಯಲ್ಲಿ. ಕುರಿ ಮೇಕೆಗೆ ಬರುವ ಅಂಟುರೋಗ ಪಿಪಿಆರ್, ಅದರ ಲಸಿಕೆ ಬಿಡಲೇಬಾರದು. ಸಂತೆಯಿಂದ ತಂದ ಕುರಿಯನ್ನು ಮೂರು ವಾರ ಬೇರೆ ಕಟ್ಟಬೇಕು.

ವ್ಯಾಪಾರದಲ್ಲಿ ಮಾತ್ರ ಹಳೇ ಕೆಲಸ ಸ್ವಲ್ಪ ನೆರವಿಗೆ ಬಂತು, ಟೈಂ ಟೇಬಲ್ ಹಾಕುವುದು. ನಮ್ಮ ಕಡೆ ಯುಗಾದಿಯ ಮಾರನೆಯ ದಿನ ವರ್ಷತೊಡಕು, ಅವತ್ತು ಮಾಂಸ ಇಲ್ಲದ ಮನೆ ಕಡಿಮೆ. ಬಕ್ರೀದ್ ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಬರುತ್ತೆ. ಆ ಹಬ್ಬಕ್ಕೆ ಕೊಳ್ಳುವವರಿಗೆ ವರ್ಷ ತುಂಬಿದ, ಊನ ಇಲ್ಲದ ಟಗರು ಬೇಕು. ಹಾಗಾಗಿ ಹಬ್ಬದಿಂದ ಹಿಂದಕ್ಕೆ ಒಂದು ವರ್ಷ, ಅದಕ್ಕೂ ಹಿಂದೆ ಐದು ತಿಂಗಳು ಎಣಿಸಿ ಟಗರು ಬಿಡಬೇಕು. ಮೊದಲ ವರ್ಷ ನಷ್ಟ. ಎರಡನೆಯ ವರ್ಷ ಕೈಗೆ ಕೈಗೆ ಸರಿ. ಮೂರನೆಯ ವರ್ಷ ಟಗರು ಮಾರಿದ್ದಕ್ಕಿಂತ ಹಿಕ್ಕೆ ಗೊಬ್ಬರಕ್ಕೆ ತೆಂಗಿನ ತೋಟದವರು ಸಾಲು ನಿಂತದ್ದು ನೋಡಿ ನನ್ನ ಹೆಂಡತಿಗೆ ಖುಷಿ.

ಹೆಸರಿಟ್ಟು ನೋಡಲು ಕಲಿತದ್ದರ ತೊಂದರೆ ಈಗ ಶುರುವಾಗಿದೆ. ಕೆಂಚಿ ಮೊದಲ ದಿನದ ಒಂಬತ್ತು ಮುದುಕಿಯರಲ್ಲಿ ಒಬ್ಬಳು. ನಾಲ್ಕು ಸಲ ಮರಿ ಹಾಕಿದಳು, ಎರಡು ಸಲ ಅವಳಿ. ಮುಂದಿನ ಹಲ್ಲು ಮೂರು ಬಿದ್ದಿವೆ. ಗಟ್ಟಿ ಮೇವು ಕಚ್ಚಲಾರಳು, ನಾನು ಅಗಸೆ ಸೊಪ್ಪು ಬಿಡಿಸಿ ಕೈಯಲ್ಲಿ ತಿನ್ನಿಸುತ್ತೇನೆ. ಯಜಮಾನರು ಎರಡು ಸಲ ಹೇಳಿದರು: "ಈ ಸಂತೆಗೆ ಹಾಕ್ಬಿಡಿ, ಇನ್ನ ಕಾದ್ರೆ ಮಾಂಸಾನೂ ಇರಲ್ಲ." ಅವರು ಹೇಳಿದ್ದು ಸರಿ. ಎರಡು ಸಂತೆ ಕಳೆಯಿತು. ನಿನ್ನೆ ಸಂಜೆ ಬಂದವರು ಗೋದಲಿ ಪಕ್ಕ ಕೆಂಚಿಯನ್ನು ನೋಡಿದರು, ನನ್ನನ್ನು ನೋಡಿದರು, ಏನೂ ಅನ್ನಲಿಲ್ಲ. ಒಂದು ಹಿಡಿ ಸೊಪ್ಪು ತೆಗೆದುಕೊಂಡು ಅವರೂ ತಿನ್ನಿಸಿದರು.