ಹರಾಜಿಗೆ ಮೊದಲೇ ಕರಗುವ ದುಡ್ಡು

"ಮನೆ ಪತ್ರ ಬ್ಯಾಂಕಿನ ಬೀರುವಿನಲ್ಲೇ ಇದೆ. ಸಾಲ ಕಟ್ಟದಿದ್ದರೆ ಮಾರಿಕೊಳ್ತಾರೆ. ಅವರಿಗೇನು ನಷ್ಟ?" ನಾನು ಬ್ಯಾಂಕಿನಲ್ಲಿದ್ದೆ ಅಂತ ಗೊತ್ತಾದ ಕೂಡಲೇ ಜನ ಕೇಳುವುದೇ ಇದನ್ನು. ನಿವೃತ್ತಿಗೆ ಮುಂಚಿನ ಕೆಲವು ವರ್ಷ ನಾನು ವಸೂಲಿ ವಿಭಾಗದಲ್ಲಿದ್ದೆ. ಪೇಪರಿನಲ್ಲಿ ಬರುವ ಸ್ವಾಧೀನ ನೋಟಿಸಿನ ಕೆಳಗೆ 'ಅಧಿಕೃತ ಅಧಿಕಾರಿ' ಅಂತ ಇರುತ್ತದಲ್ಲ, ಆ ಕುರ್ಚಿ ನನ್ನದು. ನಷ್ಟ ಎಲ್ಲೆಲ್ಲಿ ಆಗುತ್ತದೆ ಅಂತ ಹೇಳುತ್ತೇನೆ.

2002ರ ಸರ್ಫೇಸಿ ಕಾಯ್ದೆ ಬಂದ ಮೇಲೆ ಆಸ್ತಿ ಮಾರಲು ಬ್ಯಾಂಕು ಮೊದಲು ಕೋರ್ಟಿಗೆ ಹೋಗಿ ಡಿಕ್ರಿ ತರಬೇಕಾಗಿಲ್ಲ. ಆದರೆ ಹಾದಿ ಚಿಕ್ಕದೇನಲ್ಲ. ಕಂತು 90 ದಿನ ದಾಟಿ ಬಾಕಿ ಉಳಿದರೆ ಖಾತೆ ಎನ್‌ಪಿಎ, ಅಂದರೆ ಕೆಟ್ಟ ಸಾಲ. ಆಮೇಲೆ ಬಾಕಿ ಕಟ್ಟಿ ಅಂತ 60 ದಿನದ ನೋಟಿಸ್. ಸಾಲಗಾರ ಆಕ್ಷೇಪ ಬರೆದರೆ 15 ದಿನದೊಳಗೆ ಉತ್ತರ ಕೊಡಬೇಕು. ಆಮೇಲೆ ಗೋಡೆಗೆ ಸ್ವಾಧೀನ ನೋಟಿಸ್ ಅಂಟಿಸಿ, ಏಳು ದಿನದೊಳಗೆ ಎರಡು ಪೇಪರಿನಲ್ಲಿ ಹಾಕಿಸಬೇಕು. ಅದರಲ್ಲಿ ಒಂದು ಸ್ಥಳೀಯ ಭಾಷೆಯದ್ದು. ಮಾರಾಟದ ನೋಟಿಸ್ ಕೂಡ ಹಾಗೇ ಎರಡು ಪೇಪರಿಗೆ. ಹರಾಜಿಗೆ ಯಾರೂ ಬರದಿದ್ದರೆ ಮತ್ತೆ ನೋಟಿಸ್, ಮತ್ತೆ ಜಾಹೀರಾತಿನ ಬಿಲ್ಲು. ಆಸ್ತಿ 15 ಲಕ್ಷದ್ದಾದರೂ 15 ಕೋಟಿಯದ್ದಾದರೂ ಈ ಮೆಟ್ಟಿಲು ಒಂದೇ. ಸಣ್ಣ ಸಾಲಕ್ಕೆ ಈ ಖರ್ಚು ಜಾಸ್ತಿ ಭಾರ ಅನ್ನಿಸುವುದು ಇದಕ್ಕೇ.

ಒಳಗೆ ಜನ ಇದ್ದು ಬಿಡದಿದ್ದರೆ ಡಿಸಿ ಹತ್ತಿರವೋ ಮ್ಯಾಜಿಸ್ಟ್ರೇಟ್ ಕೋರ್ಟಿಗೋ ಅರ್ಜಿ ಹಾಕಬೇಕು. 30 ದಿನದಲ್ಲಿ, ತಪ್ಪಿದರೆ ಒಟ್ಟು 60 ದಿನದಲ್ಲಿ ಆದೇಶ ಆಗಬೇಕು ಅಂತ ಕಾಯ್ದೆ ಹೇಳುತ್ತದೆ. ಕಾಯ್ದೆ ಹೇಳುತ್ತದೆ, ಅಷ್ಟೇ! ಆದೇಶ ಬಂದ ಮೇಲೂ ತಹಶೀಲ್ದಾರರಿಗೆ ಬಿಡುವಿರಬೇಕು, ಪೊಲೀಸ್ ಬಂದೋಬಸ್ತ್ ಸಿಗಬೇಕು. ಚುನಾವಣೆ ಬಂತೋ, ಮುಗೀತು.

ನನಗೆ ಚೆನ್ನಾಗಿ ನೆನಪಿರುವುದು ದಾವಣಗೆರೆ ಕಡೆಯ ಒಂದು ಅಕ್ಕಿ ಗಿರಣಿ. ಬೀಗ ಹಾಕಿ ಸೀಲ್ ಮಾಡಿದ ದಿನ ಎಲ್ಲರೂ ಕೆಲಸ ಮುಗಿಯಿತು ಅಂದುಕೊಂಡರು. ಖರ್ಚಿನ ಮಟ್ಟಿಗೆ ಅವತ್ತೇ ಶುರು. ಹಗಲಿಗೊಬ್ಬ, ರಾತ್ರಿಗೊಬ್ಬ ಗಾರ್ಡ್. ಅವರಿಗೆ ತಿಂಗಳು ತಿಂಗಳು ಸಂಬಳ. ಗಾರ್ಡ್ ಇದ್ದೂ ಮೋಟರ್ ಒಂದು ಮಾಯವಾಯಿತು. ಮಳೆಗಾಲಕ್ಕೆ ಶೀಟು ಹಾರಿ ಯಂತ್ರಗಳಿಗೆ ತುಕ್ಕು ಹಿಡಿಯಿತು. ಇನ್ಶೂರೆನ್ಸ್ ಪ್ರೀಮಿಯಂ ನಾವೇ ಕಟ್ಟಿದೆವು. ನೋಡಲು ಬಂದವರು ಮೊದಲು ಕೇಳಿದ್ದು ಕರೆಂಟ್ ಬಾಕಿ ಎಷ್ಟು ಅಂತ. ನ್ಯಾಯವಾದ ಪ್ರಶ್ನೆ. ಹಳೆ ಮಾಲೀಕರ ಬಾಕಿಯನ್ನು ಹೊಸಬರಿಂದ ಕೇಳಲು ನಿಯಮವೇ ಅವಕಾಶ ಕೊಟ್ಟಿದ್ದರೆ ವಿದ್ಯುತ್ ಕಂಪನಿ ಕೇಳಬಹುದು ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಇದರ ಜೊತೆ ಆಸ್ತಿ ತೆರಿಗೆ ಬಾಕಿ. ಇವನ್ನೆಲ್ಲ ಕಳೆದೇ ಜನ ಬಿಡ್ ಹಾಕುತ್ತಾರೆ. ಮೊದಲ ಹರಾಜಿಗೆ ಒಬ್ಬರೂ ಬರಲಿಲ್ಲ. ರಿಸರ್ವ್ ಪ್ರೈಸ್, ಅಂದರೆ ಹರಾಜಿನ ಕನಿಷ್ಠ ಬೆಲೆ, ಇಳಿಸಿದೆವು, ಮತ್ತೆ ಇಳಿಸಿದೆವು. ಊರಿನವರು ಕೊಳ್ಳಲೇ ಇಲ್ಲ. ನಾಳೆ ಅದೇ ಬೀದಿಯಲ್ಲಿ ಅವರ ಮುಖ ನೋಡಬೇಕಲ್ವಾ?

ಗಿರಣಿ ಜಾಗ ಕೃಷಿಯೇತರ ಅಂತ ಪರಿವರ್ತನೆ ಆಗಿತ್ತು, ಅದೊಂದು ಪುಣ್ಯ. ಕೃಷಿ ಜಮೀನನ್ನು ಸರ್ಫೇಸಿ ಮುಟ್ಟುವ ಹಾಗಿಲ್ಲ. ವಾಹನಗಳ ಕಥೆ ಬೇರೆ. ಹಿಡಿದು ತಂದ ಲಾರಿಗೆ ಯಾರ್ಡ್ ಬಾಡಿಗೆ ದಿನದ ಲೆಕ್ಕ, ಬೆಲೆ ಬೀಳುವುದೂ ದಿನದ ಲೆಕ್ಕ.

ಬ್ಯಾಂಕಿನ ಕ್ರಮ ಪ್ರಶ್ನಿಸಿ ಸಾಲಗಾರ 45 ದಿನದೊಳಗೆ ಬೆಂಗಳೂರಿನ ಡಿಆರ್‌ಟಿಗೆ, ಅಂದರೆ ಸಾಲ ವಸೂಲಿ ನ್ಯಾಯಮಂಡಳಿಗೆ, ಹೋಗಬಹುದು. ಮೊದಲು ಬಾಕಿಯ 75% ಠೇವಣಿ ಇಡಬೇಕು ಅಂತ ಕಾಯ್ದೆಯಲ್ಲಿತ್ತು. 2004ರಲ್ಲಿ ಮಾರ್ಡಿಯಾ ಕೆಮಿಕಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು. ಬ್ಯಾಂಕಿನವನಾದರೂ ಹೇಳುತ್ತೇನೆ, ಸರಿಯಾಗೇ ಮಾಡಿತು. ದುಡ್ಡಿಲ್ಲದೆ ತಾನೇ ಅವನು ಸಿಕ್ಕಿಬಿದ್ದಿರುವುದು? ಆದರೆ ತಡೆಯಾಜ್ಞೆ ಸಿಕ್ಕರೆ ವಕೀಲರ ಫೀಸು, ಗಾರ್ಡ್ ಸಂಬಳ, ಬಡ್ಡಿ ಮೂರೂ ಒಟ್ಟಿಗೆ ಓಡುತ್ತವೆ. ಮೇಲ್ಮನವಿ ಅಂದರೆ ಚೆನ್ನೈ.

ಇಷ್ಟೆಲ್ಲ ಬಿಲ್ಲು ಇರುವ ಖರ್ಚು. ಬಿಲ್ಲೇ ಇಲ್ಲದ ಖರ್ಚು ಇದಕ್ಕಿಂತ ದೊಡ್ಡದು. 40 ಲಕ್ಷದ ಸಾಲ ಅಂದುಕೊಳ್ಳಿ. 9% ಬಡ್ಡಿ ಅಂದರೆ ತಿಂಗಳಿಗೆ 30,000 ರೂಪಾಯಿ ಬರುವುದು ನಿಂತಿತು. ಅದರ ಮೇಲೆ, ಸಾಲ ಮುಳುಗಿದರೆ ಇರಲಿ ಅಂತ, ಬ್ಯಾಂಕು ತನ್ನ ಲಾಭದಿಂದ ಹಣ ತೆಗೆದಿಡಬೇಕು. ಸಾಲಕ್ಕೆ ಪೂರ್ತಿ ಅಡಮಾನ ಇದ್ದರೂ ಮೊದಲ ವರ್ಷ 15%, ಅಂದರೆ 6 ಲಕ್ಷ. ಎರಡನೇ ವರ್ಷಕ್ಕೆ 25%, ಆಮೇಲೆ ಎರಡು ವರ್ಷ 40%. ಅದೂ ದಾಟಿದರೆ ಪೂರ್ತಿ 40 ಲಕ್ಷ. ಆಸ್ತಿ ಗಟ್ಟಿಯಾಗಿ ನಿಂತಿದ್ದರೂ ಬ್ಯಾಂಕಿನ ಪುಸ್ತಕದಲ್ಲಿ ಅದರ ಬೆಲೆ ಸೊನ್ನೆಗೆ ಇಳಿಯುತ್ತದೆ.

ಬಾಕಿಯಲ್ಲಿ ಸ್ವಲ್ಪ ಬಿಟ್ಟು ಉಳಿದದ್ದನ್ನು ಒಟ್ಟಿಗೆ ಪಡೆಯುವ ಒಂದೇ ಕಂತಿನ ಇತ್ಯರ್ಥಕ್ಕೆ, ನಾವು ಒಟಿಎಸ್ ಅನ್ನುವುದಕ್ಕೆ, ಬ್ಯಾಂಕು ಯಾಕೆ ಒಪ್ಪುತ್ತದೆ ಅಂತ ಈಗ ಗೊತ್ತಾಯಿತಲ್ಲ? ಕರುಣೆಯಿಂದ ಅಂತ ಸಾಲಗಾರರು ಅಂದುಕೊಳ್ಳುತ್ತಾರೆ. ಒಳಗೊಳಗೇ ಏನೋ ನಡೆದಿದೆ ಅಂತ ಊರಿನವರು ಮಾತಾಡುತ್ತಾರೆ. ಆ 40 ಲಕ್ಷಕ್ಕೆ 32 ಲಕ್ಷ ಸಾಕು ಅಂತ ಒಪ್ಪಿದೆವು ಅಂದುಕೊಳ್ಳಿ. ಇವತ್ತು ಬಂದ ಆ 32 ಲಕ್ಷವನ್ನು 9% ಚಕ್ರಬಡ್ಡಿಗೆ ಬೇರೆಯವರಿಗೆ ಕೊಟ್ಟರೆ ಮೂರು ವರ್ಷಕ್ಕೆ 41 ಲಕ್ಷ ದಾಟುತ್ತದೆ. ಗಾರ್ಡ್ ಬೇಡ, ತಹಶೀಲ್ದಾರ್ ಬೇಡ. ನಾನು ಮೇಲಿನವರಿಗೆ ಕಳಿಸಿದ ಒಟಿಎಸ್ ಟಿಪ್ಪಣಿಗಳಲ್ಲಿ ಇರುತ್ತಿದ್ದದ್ದು ಬಹುಮಟ್ಟಿಗೆ ಇದೇ ಲೆಕ್ಕ.

ಇನ್ನೊಂದು ಮಾತು. ಜಾಹೀರಾತು, ಆಸ್ತಿಗೆ ಬೆಲೆ ಕಟ್ಟುವ ವ್ಯಾಲ್ಯುಯರ್, ಗಾರ್ಡ್, ಎಲ್ಲ ಖರ್ಚೂ ಸಾಲಗಾರನ ಖಾತೆಗೇ ಬೀಳುತ್ತದೆ. ಹರಾಜಿನ ಹಣದಲ್ಲಿ ಮೊದಲು ತೀರುವುದು ಈ ಖರ್ಚು, ಆಮೇಲೆ ಸಾಲ, ಏನಾದರೂ ಉಳಿದರೆ ಅವನಿಗೆ. ಖರ್ಚಿನ ವಿವರವನ್ನು ಬರಹದಲ್ಲಿ ಕೇಳಿ ಪಡೆಯಿರಿ. ಕೇಳಿದವರು ಕಡಿಮೆ, ಕೇಳಿದವರಿಗೆ ನಾನು ಕೊಟ್ಟಿದ್ದೇನೆ. ಬಾಕಿ ಪೂರ್ತಿ ಕಟ್ಟಿ ಆಸ್ತಿ ಬಿಡಿಸಿಕೊಳ್ಳುವ ಹಕ್ಕು 2016ರ ತಿದ್ದುಪಡಿಯ ನಂತರ ಹರಾಜು ನೋಟಿಸ್ ಪ್ರಕಟವಾಗುವವರೆಗೆ ಮಾತ್ರ. ಹರಾಜಿನ ದಿನ ಬೆಳಿಗ್ಗೆ ಹಣದ ಚೀಲ ಹಿಡಿದು ಬಂದವರನ್ನು ನೋಡಿದ್ದೇನೆ. ಅಷ್ಟು ಹೊತ್ತಿಗೆ ಆ ಹಕ್ಕು ಮುಗಿದಿರುತ್ತದೆ.